ಮೂರು ಹಡಗಿನ ಅಕ್ಕ

ಅಕ್ಕನ ಬಲಗೈಯ ತೋರುಬೆರಳಿಗೆ ಸದಾ ಒಂದು ರಬ್ಬರ್ ಟೋಪಿ ಇರುತ್ತಿತ್ತು. ಬ್ಯಾಂಕಿನಲ್ಲಿ ನೋಟು ಎಣಿಸುವವರು ಹಾಕಿಕೊಳ್ಳುತ್ತಾರಲ್ಲ, ಮೈಯೆಲ್ಲ ಗುಳ್ಳೆಗುಳ್ಳೆಯ ಕಿತ್ತಳೆ ಬಣ್ಣದ್ದು, ಅಂಥದ್ದು. ಹಳೆಯ ಪುಸ್ತಕದ ಹಾಳೆಗೆ ಎಂಜಲು ತಾಗಬಾರದೆಂದು ಹಾಕಿಕೊಂಡಿದ್ದು ಕ್ರಮೇಣ ಬೆರಳಿನ ಭಾಗವೇ ಆಗಿಹೋಯಿತು. ಅದನ್ನು ಹಾಕಿಕೊಂಡೇ ಬಾಗಿಲು ತೆರೆಯುತ್ತಿದ್ದಳು, ಒಗ್ಗರಣೆ ಹಾಕುತ್ತಿದ್ದಳು. ಒಮ್ಮೆ ಅದು ಕಳೆದುಹೋದಾಗ ಚಪಾತಿ ಹಿಟ್ಟಿನಲ್ಲಿ ಸೇರಿ ನನ್ನ ಹೊಟ್ಟೆಗೇ ಹೋಗಿರಬೇಕೆಂದು ತೀರ್ಮಾನಿಸಿ, ನನ್ನನ್ನು ಕೂರಿಸಿಕೊಂಡು ವಿಚಾರಣೆ ನಡೆಸಿದಳು. ಸಿಕ್ಕಿದ್ದು ಫ್ರಿಜ್ಜಿನ ಮೇಲೆ. ಆ ಕಿತ್ತಳೆ ಬೆರಳು ಮೇಲೆದ್ದಿತೆಂದರೆ ನನಗೆ ಸಂಕಟ ಶುರು. ಇನ್ನು ಅರ್ಧ ಗಂಟೆ ಅಮೆರಿಕದ ಸ್ವಾತಂತ್ರ್ಯ ಯುದ್ಧದಿಂದ ನನಗೆ ಬಿಡುಗಡೆ ಇಲ್ಲವೆಂದೇ ಅರ್ಥ.

ಭಾವನನ್ನು ಮದುವೆಯಾಗಿ ಮೈಸೂರಿನಿಂದ ಇಲ್ಲಿಗೆ, ಅಮೆರಿಕಕ್ಕೆ, ಬಂದವಳು ಅಕ್ಕ. ಎಷ್ಟೋ ವರ್ಷಗಳ ಮೇಲೆ ಅರ್ಜಿ ಹಾಕಿ, ಕಾದು, ನನ್ನನ್ನೂ ಕರೆಸಿಕೊಂಡಳು. ನಾನು ಎಸ್ಸೆಸ್ಸೆಲ್ಸಿಗೆ ಎರಡು ಸಲ ಕೂತು ಎರಡು ಸಲವೂ ಬಿದ್ದವನು. ಮನೆಗೊಂದು ಕಂಪ್ಯೂಟರ್ ಕಂಪನಿ ಹುಟ್ಟುತ್ತಿದ್ದ ಆ ದಿನಗಳಲ್ಲಿ ನನಗೆ ಸಿಕ್ಕಿದ್ದು ಫ್ರೀಮಾಂಟಿನ ಒಂದು ಇಂಡಿಯನ್ ಗ್ರೋಸರಿ ಅಂಗಡಿಯ ತರಕಾರಿ ಕೆಲಸ. ಬರುವ ಹುಡುಗರು ಬೆಂಡೆಕಾಯಿ ಆರಿಸುತ್ತಲೇ ಷೇರಿನ ಮಾತಾಡುತ್ತಿದ್ದರು. ತುದಿ ಮುರೀಬೇಡ್ರಪ್ಪಾ ಎನ್ನುವುದಷ್ಟೇ ನನಗೆ ಉಳಿದ ಮಾತು.

ಅಕ್ಕನಿಗೆ ಈ ಹುಚ್ಚು ಹಿಡಿದದ್ದು ಇಲ್ಲಿಯ ಪ್ರಜೆಯಾಗಲು ಕೊಡಬೇಕಾದ ಪರೀಕ್ಷೆಯಿಂದ. ಎಲ್ಲರೂ ಉತ್ತರಗಳನ್ನು ಉರು ಹೊಡೆದು, ಪ್ರಮಾಣ ಮಾಡಿ, ಕಾರಿನ ಹತ್ತಿರ ಬರುವಷ್ಟರಲ್ಲಿ ಮರೆತುಬಿಡುತ್ತಾರೆ. ಇವಳು ಪರೀಕ್ಷೆ ಮಾಡಿದ ಅಧಿಕಾರಿಯನ್ನೇ ತಿರುಗಿ ಕೇಳಿದಳಂತೆ: ಅಷ್ಟು ದೊಡ್ಡ ಇಂಗ್ಲೆಂಡಿನ ವಿರುದ್ಧ ನಿಲ್ಲೋದಕ್ಕೆ ಫ್ರಾನ್ಸನ್ನ ಹೇಗೆ ಒಪ್ಪಿಸಿದ್ರಿ? ಅವನು ಲೈಬ್ರರಿಗೆ ಹೋಗಿ ನೋಡಮ್ಮ ಎಂದನಂತೆ. ಆ ಪುಣ್ಯಾತ್ಮ ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ನನ್ನ ಸೊಂಟ ಉಳಿಯುತ್ತಿತ್ತು. ಯಾಕೆಂದರೆ, ಇನ್ನು ಎಲ್ಲವೂ ಇಂಟರ್ನೆಟ್ಟಿಗೇ ಬರುತ್ತದೆಂದು ಯಾವುದೋ ಲೈಬ್ರರಿಯವರು ಹೊರಗೆ ಹಾಕಿದ ದಪ್ಪ ದಪ್ಪ ಸಂಪುಟಗಳನ್ನೆಲ್ಲ ನಮ್ಮ ಅಂಗಡಿಯ ಬಾಳೆಹಣ್ಣಿನ ಡಬ್ಬಗಳಲ್ಲಿ ತುಂಬಿ ಸರಟೋಗಾದ ಅವಳ ಮನೆಗೆ ಹೊತ್ತು ಹಾಕಿದವನು ನಾನು. ಒಳಗೆಲ್ಲ ಬರೀ ಕಾಗದಗಳು. ಪ್ಯಾರಿಸ್ಸಿನಲ್ಲಿ ಕೂತ ರಾಯಭಾರಿಗಳು ಊರಿಗೆ ಬರೆದದ್ದು, ಸೇನಾಪತಿಗಳು ಬೂಟಿಲ್ಲ, ಮದ್ದಿಲ್ಲ ಎಂದು ಗೋಳಾಡಿದ್ದು. ಭಾವ ಅವಕ್ಕೆ ಕಾರು ನಿಲ್ಲಿಸುವ ಜಾಗ ಬಿಟ್ಟುಕೊಟ್ಟು ತಾವು ರಸ್ತೆಯಲ್ಲಿ ನಿಲ್ಲಿಸಿಕೊಂಡರು. ಕೇಳಿದರೆ, “ಅವಳನ್ನೇ ಕೇಳು.” ಅವರು ಆಡುತ್ತಿದ್ದದ್ದು ಅದೊಂದೇ ಮಾತು.

ಓದಿಕೊಂಡು ಸುಮ್ಮನಿದ್ದಿದ್ದರೆ ನನ್ನದೇನೂ ತಕರಾರಿರಲಿಲ್ಲ. ಆದರೆ ಅಕ್ಕ ಆ ಕಾಗದಗಳಿಂದ ಒಂದು ಪದ್ಧತಿ ಕಲಿತಳು. ಆ ಕಾಲದಲ್ಲಿ ಸಮುದ್ರ ದಾಟಬೇಕಾದ ಮುಖ್ಯ ಕಾಗದವನ್ನು ಒಂದೇ ಹಡಗಿಗೆ ಕೊಡುತ್ತಿರಲಿಲ್ಲವಂತೆ. ಅದನ್ನೇ ಎರಡು ಮೂರು ಪ್ರತಿ ಬರೆದು ಬೇರೆಬೇರೆ ಹಡಗಿನಲ್ಲಿ ಕಳಿಸುತ್ತಿದ್ದರಂತೆ. ಒಂದು ಬಿರುಗಾಳಿಗೆ ಸಿಕ್ಕೀತು, ಒಂದು ಇಂಗ್ಲಿಷರ ಕೈಗೆ ಬಿದ್ದೀತು, ಇನ್ನೊಂದಾದರೂ ಮುಟ್ಟಲಿ ಎಂದು. ಸರಿ, ಅಂದಿನಿಂದ ಅಕ್ಕನ ಮಾತೆಲ್ಲ ಮೂರು ಹಡಗು ಹತ್ತಿ ಬರತೊಡಗಿತು. ನನ್ನ ಅಪಾರ್ಟ್‌ಮೆಂಟಿನ ಫೋನಿನಲ್ಲಿ ಒಂದು, ಅಂಗಡಿಯ ಫ್ಯಾಕ್ಸಿನಲ್ಲಿ ಒಂದು, ಯಾರಾದರೂ ಗಿರಾಕಿಯ ಬಾಯಲ್ಲಿ ಒಂದು.

“ನಿಮ್ಮಕ್ಕ ದೇವಸ್ಥಾನದಲ್ಲಿ ಸಿಕ್ಕಿದ್ರು ರೀ,” ಎಂದು ಒಬ್ಬಾಕೆ ಕ್ಯೂ ತುಂಬ ಜನ ಇರುವಾಗ ನಗುನಗುತ್ತ ಹೇಳಿದರು. “ಇವತ್ತು ಮೊಸರು ತರಬೇಡಿ ಅಂತೆ, ಮನೇಲಿದೆಯಂತೆ. ಮೂರನೇ ಪ್ರತಿ ಅಂತ ಹೇಳು ಅಂದ್ರು.”

“ಮೊದಲನೇದು ಬೆಳಿಗ್ಗೇನೇ ಬಂತು ರೀ. ಎರಡನೇದು ನೋಡಿ, ಅಲ್ಲಿ ಗೋಡೆ ಮೇಲಿದೆ,” ಎಂದೆ. ಕ್ಯೂ ಪೂರ್ತಿ ನಕ್ಕಿತು. ಮೈ ಉರಿದುಹೋಯಿತು. ಸಾಯಂಕಾಲ ಹೋಗಿ ಜಗಳವಾಡಿದೆ.

“ಮೊಸರಿಗೆ ಮೂರು ಹಡಗಾ ಅಕ್ಕ? ಯಾವ ಇಂಗ್ಲಿಷಿನೋನು ಹಿಡ್ಕೊಂಡು ಹೋಗ್ತಾನೆ ನಿನ್ನ ಮೊಸರನ್ನ?”

“ಮುಟ್ಟಿತೋ ಇಲ್ವೋ?”

“ಮುಟ್ಟಿತು ಮಹರಾಯ್ತಿ!”

“ಮತ್ತೆ?” ಎಂದಳು, ಬೆರಳೆತ್ತಿ.

ಅವಳು ಒಂದೇ ಒಂದು ಸಲ ಓದುತ್ತ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದ್ದೇನೆ. ಅದು ಇಂಗ್ಲೆಂಡಿನ ಜೊತೆ ನಡೆದ ಎರಡನೆಯ ಯುದ್ಧದ ವಿಷಯ. ಯುರೋಪಿನಲ್ಲಿ ಎರಡೂ ಕಡೆಯವರು ಕೂತು ಸಂಧಿಗೆ ರುಜು ಹಾಕಿಯಾಗಿತ್ತು. ಅದು ತಿಳಿಯದೆ ಇಲ್ಲಿ ದಕ್ಷಿಣದ ಒಂದು ಊರಿನ ಹತ್ತಿರ ಘೋರ ಕಾಳಗ ನಡೆದು ರಾಶಿ ಜನ ಸತ್ತರು. “ಸಂಧಿ ಆಗಿಹೋಗಿತ್ತು ಕಣೋ,” ಎಂದಳು ಅಕ್ಕ. “ಸುದ್ದಿ ಇನ್ನೂ ಸಮುದ್ರದ ಮೇಲಿತ್ತು.” ನಾನು ಹುರುಳಿಕಾಯಿ ಸೋಸುತ್ತಿದ್ದೆ. ಸತ್ತು ಇನ್ನೂರು ವರ್ಷವಾಗುತ್ತ ಬಂದವರಿಗೆ ಅಳುತ್ತಾಳಲ್ಲ ಎಂದು ಸಿಡುಕು ಬಂತೇ ಹೊರತು ಬೇರೇನೂ ತೋಚಲಿಲ್ಲ.

ಅಷ್ಟೆಲ್ಲ ಸಂಧಿಗಳನ್ನು ಓದಿದವಳಿಗೆ ಮನೆಯ ಯುದ್ಧ ತಪ್ಪಿಸಲಾಗಲಿಲ್ಲ. ಅವಳ ಒಬ್ಬಳೇ ಮಗಳು, ನಾವು ಚಿನ್ನು ಎಂದು ಕರೆಯುವವಳು, ಕಾಲೇಜಿನ ಕೊನೆಯ ವರ್ಷ ಓದು ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೊಗೆ, ಇಲ್ಲಿಯವರು ಬರೀ ಸಿಟಿ ಎನ್ನುವ ಊರಿಗೆ, ಹೋಗಿ ಒಂದು ಹೊಸ ಕಂಪನಿ ಸೇರಿದಳು. ಗ್ರೀಟಿಂಗ್ ಕಾರ್ಡುಗಳನ್ನು ಕಂಪ್ಯೂಟರಿನಲ್ಲೇ ಕಳಿಸುವ ಕಂಪನಿ. ಒತ್ತಿದ ತಕ್ಷಣ ಮುಟ್ಟುತ್ತದಂತೆ. ಹೊರಡುವ ದಿನ ಅಮ್ಮ ಮಗಳಿಗೆ ಮಾತಿಗೆ ಮಾತು ಬೆಳೆಯಿತು. ನಾನು ಅಲ್ಲೇ ಸೂಟ್‌ಕೇಸ್ ಹಿಡಿದು ನಿಂತಿದ್ದೆ. “ಹೋಗು. ಆದ್ರೆ ಅದು ಮುಳುಗಿದ ದಿನ ನನ್ನ ಬಾಗಿಲಿಗೆ ಬರಬೇಡ,” ಎಂದಳು ಅಕ್ಕ. ಚಿನ್ನು, “ಫೈನ್,” ಎಂದಳು. ಇಬ್ಬರೂ ಒಂದೇ ಅಚ್ಚಿನವರು. ಆಮೇಲೆ ಇವಳು ಫೋನ್ ಮಾಡಲಿಲ್ಲ, ಅವಳು ಬರಲಿಲ್ಲ.

ಯುಗಾದಿಯ ಹಿಂದಿನ ದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಕ್ಕ ಒಬ್ಬಟ್ಟಿನ ಡಬ್ಬಿ ಹಿಡಿದು ಬಂದು, ಜನರನ್ನು ಸರಿಸಿಕೊಂಡು, ನನ್ನ ತಕ್ಕಡಿಯ ಪಕ್ಕ ನಿಂತಳು. ಅವತ್ತು ಬೆರಳಿಗೆ ಟೋಪಿ ಇರಲಿಲ್ಲ. ಬೆರಳ ತುದಿ ಬಿಳಿಚಿಕೊಂಡು, ಬೇರೆ ಯಾರದ್ದೋ ಬೆರಳಿನ ಹಾಗೆ ಕಂಡಿತು. ನನಗೆ ಅದು ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ.

“ನಾಳೆ ಸಿಟಿಗೆ ತರಕಾರಿ ಹಾಕೋಕೆ ಹೋಗ್ತೀಯಲ್ಲ, ಇದನ್ನ ಚಿನ್ನುಗೆ ಕೊಡು. ಕೊಟ್ಟು ಹೇಳು, ಅಮ್ಮ ಅಂದಿದ್ದು ತಪ್ಪಾಯ್ತಂತೆ. ಕಂಪನಿ ಇರಲಿ, ಮುಳುಗಲಿ, ಬಾಗಿಲು ತೆಗೆದೇ ಇರತ್ತಂತೆ ಅಂತ.”

“ನೀನೇ ಫೋನ್ ಮಾಡೋಕೇನು?”

“ಫೋನ್ ಎತ್ತಿದ್ರೆ ನಂಗೆ ಜಗಳ ಬರತ್ತೆ ಕಣೋ, ಮಾತು ಬರಲ್ಲ. ನಿನ್ನ ಮಾತು ಅವಳು ಕೇಳ್ತಾಳೆ.”

“ಸರಿ ಸರಿ, ಮೊದಲನೇ ಹಡಗು ನಾನು. ಇನ್ನೆರಡು ಯಾರು?”

“ಇದಕ್ಕೆ…” ಎಂದು ಅಕ್ಕ ಏನೋ ಹೇಳಹೊರಟಳು. ಅಷ್ಟರಲ್ಲಿ ಬೇವಿನ ಸೊಪ್ಪು ಎಲ್ಲಿ ಎಂದು ಯಾರೋ ಕೂಗಿದರು. ನಾನು ಅತ್ತ ಹೋದೆ. ತಿರುಗಿ ಬರುವಷ್ಟರಲ್ಲಿ ಡಬ್ಬಿಯನ್ನು ತಕ್ಕಡಿಯ ಮೇಲಿಟ್ಟು ಹೊರಟುಹೋಗಿದ್ದಳು.

ಮಾರನೆಯ ದಿನ ಸಿಟಿಯಲ್ಲಿ ವ್ಯಾನು ನಿಲ್ಲಿಸಲು ಜಾಗ ಸಿಗಲಿಲ್ಲ. ಇಳಿಜಾರು ರಸ್ತೆಯಲ್ಲಿ ಇನ್ನೊಬ್ಬರ ಕಾರಿಗೆ ಅಡ್ಡ ನಿಲ್ಲಿಸಿ ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದವಳು ಚಿನ್ನುವಿನ ಜೊತೆಯಲ್ಲಿದ್ದ ಹುಡುಗಿ. ಚಿನ್ನು ಆಫೀಸಿಗೆ ಹೋಗಿದ್ದಾಳೆ, ಸಂಜೆ ಬರುತ್ತಾಳೆ ಎಂದಳು. ಕೆಳಗೆ ಯಾರೋ ಹಾರ್ನ್ ಬಾರಿಸುತ್ತಿದ್ದರು. ಡಬ್ಬಿಯನ್ನು ಅವಳ ಕೈಗೆ ಕೊಟ್ಟು ಇಳಿದುಬಿಟ್ಟೆ. ಮಾತನ್ನು ಅವಳಿಗೆ ಇಂಗ್ಲಿಷಿನಲ್ಲಿ ಒಪ್ಪಿಸಲು ನನಗೆ ಬರುತ್ತಿರಲಿಲ್ಲವೆಂದು ಹೇಳಿಕೊಳ್ಳಬಹುದು. ಆದರೆ ಅದು ನೆಪ. ಸಂಜೆಯವರೆಗೆ ಕಾಯಬಹುದಿತ್ತು. ನಿಜವೆಂದರೆ, ಮೊಸರಿಗೇ ಮೂರು ಪ್ರತಿ ಕಳಿಸುವವಳು ಇದಕ್ಕೆ ಆರು ಕಳಿಸಿರುತ್ತಾಳೆ, ನನ್ನದೊಂದು ಹೋಗದಿದ್ದರೆ ಏನು ಮುಳುಗಿತು ಎಂದುಕೊಂಡೆ.

ಮನೆಗೆ ಬಂದು ಊಟಕ್ಕೆ ಕೂತಾಗ ಅಕ್ಕನ ಫೋನು.

“ಮುಟ್ಟಿಸಿದ್ಯಾ?”

“ಹೂಂ.”

“ಹೇಳಿದ್ಯಾ?”

ಬಾಯಲ್ಲಿ ತುತ್ತಿತ್ತು. “ಹೂಂ.”

“ಏನಂದ್ಳು?”

“ಏನೂ ಅನ್ನಲಿಲ್ಲ.”

“ಊಟ ಮಾಡು,” ಎಂದು ಅಕ್ಕ ಫೋನ್ ಇಟ್ಟಳು. ಆ ಮಾತು ಮತ್ತೆ ಎರಡನೆಯ ಸಲ ಬರಲಿಲ್ಲ.

ಆ ವರ್ಷ ಮುಗಿಯುವುದರೊಳಗೆ ಕಂಪನಿ ಮುಳುಗಿತು. ಒಂದೊಂದಾಗಿ ಎಲ್ಲವೂ ಮುಳುಗುತ್ತಿದ್ದವು. ಬೆಂಡೆಕಾಯಿ ಆರಿಸುವ ಹುಡುಗರು ಸುಮ್ಮನೆ ಆರಿಸುತ್ತಿದ್ದರು. ಚಿನ್ನು ಮನೆಗೆ ಬರಲಿಲ್ಲ. ಸಿಟಿಯಲ್ಲೇ ಒಂದು ಕಾಫಿ ಅಂಗಡಿ ಸೇರಿದಳೆಂದು ಭಾವ ಎಲ್ಲಿಂದಲೋ ತಿಳಿದು ಹೇಳಿದರು. ಅಕ್ಕ ಕೇಳಿಸಿಕೊಂಡು ಒಳಗೆ ಹೋದಳು. ಅಂಗಡಿಗೆ ಅವಳ ಫ್ಯಾಕ್ಸು ಬರುವುದು ನಿಂತುಹೋಯಿತು. ನನಗೆ ಅದೂ ಸಿಟ್ಟು ತರಿಸಿತು. ಒಂದು ದಿನ ಅವಳ ಅಡುಗೆಮನೆಯಲ್ಲಿ ಶುಂಠಿ ತುರಿಯುತ್ತ ಕೇಳಿಯೇಬಿಟ್ಟೆ.

“ಇಷ್ಟು ಕೊರಗೋ ಬದಲು ಚಿನ್ನುಗೆ ಇನ್ನೊಂದು ಸಲ ಹೇಳಿ ಕಳಿಸಬಾರದಾ? ಬೇರೆ ಯಾರ ಕೈಲೆಲ್ಲ ಕಳಿಸಿದ್ದೆ?”

“ಬೇರೆ ಯಾರ ಕೈಲಿ? ನಿನ್ನ ಕೈಲೇ. ಅದೊಂದೇ.”

“ಒಂದೇನಾ? ಮೂರು ಪ್ರತಿ?”

“ತಪ್ಪಾಯ್ತು ಅನ್ನೋದಕ್ಕೆ ನಕಲು ಮಾಡ್ತಾರೇನೋ? ಮೂರು ಸಲ ಕಳಿಸಿದ್ರೆ ಅದು ಆಫೀಸಿನ ನೋಟೀಸು ಆಗತ್ತೆ. ಹೇಳಿದೀನಿ, ಕೇಳಿಸ್ಕೊಂಡಿದಾಳೆ, ಬೇಡ ಅಂದಿದಾಳೆ. ಅಷ್ಟೇ ಬಿಡು.”

ತುರಿಮಣೆಗೆ ನನ್ನ ಹೆಬ್ಬೆರಳು ತಾಗಿ ರಕ್ತ ಬಂತು. ಅಕ್ಕ ಬೈಯುತ್ತ ಅರಿಸಿನ ಹಚ್ಚಿದಳು. ಅವಳ ಕಡೆಯಿಂದ ಯುದ್ಧ ಯುಗಾದಿಗೇ ಮುಗಿದಿತ್ತು. ಸುದ್ದಿ ನನ್ನ ವ್ಯಾನಿನಲ್ಲೇ ಕೂತಿತ್ತು. ಆಗಲೇ, ಅವಳು ನನ್ನ ಬೆರಳು ಹಿಡಿದಿದ್ದಾಗಲೇ, ಹೇಳಿಬಿಡಬೇಕಿತ್ತು. ಅದರ ಬದಲು, ಭಾನುವಾರ ಸಿಟಿಗೆ ಹೋಗಿ ಚಿನ್ನುವನ್ನು ಕರೆದುಕೊಂಡೇ ಬಂದುಬಿಟ್ಟರೆ ಅಕ್ಕನಿಗೆ ಏನೂ ತಿಳಿಯಬೇಕಾಗಿಲ್ಲ ಎಂದು ಲೆಕ್ಕ ಹಾಕಿದೆ. ಎಂಥ ಹೇಡಿತನ ನೋಡಿ, ಸರಿಪಡಿಸುವಾಗಲೂ ಬೈಸಿಕೊಳ್ಳದೆ ಪಾರಾಗುವ ಯೋಚನೆ.

ಭಾನುವಾರಕ್ಕೆ ಮುಂಚೆಯೇ ಭಾವನ ಫೋನು ಬಂತು. ಪುಸ್ತಕದ ಡಬ್ಬಗಳ ನಡುವೆ ಅಕ್ಕ ಕುಸಿದು ಬಿದ್ದಿದ್ದಳು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ, ಮಾತು ನಿಂತಿದೆ ಎಂದರು. ಅವರು ಪಾಪ, ಅಷ್ಟೊಂದು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ನಾನು ಆಸ್ಪತ್ರೆಗೆ ಹೋಗದೆ ನೇರ ಸಿಟಿಗೆ ಹೋದೆ. ಕಾಫಿ ಅಂಗಡಿಯಲ್ಲಿ ಚಿನ್ನು ಮೇಜು ಒರೆಸುತ್ತಿದ್ದಳು. ಅಲ್ಲೇ, ಜನರ ನಡುವೆ, ಒಪ್ಪಿಸಿದೆ: ಅಮ್ಮ ಅಂದಿದ್ದು ತಪ್ಪಾಯ್ತಂತೆ, ಬಾಗಿಲು ತೆಗೆದೇ ಇರತ್ತಂತೆ. ಆಮೇಲೆ ಆಸ್ಪತ್ರೆಯ ವಿಷಯ ಹೇಳಿದೆ. ಫ್ರೀವೇಯಲ್ಲಿ ಬರುತ್ತ ಒಬ್ಬಟ್ಟಿನ ಡಬ್ಬಿಯ ಕಥೆ ಹೇಳಿದೆ.

“ಅದು ಅಮ್ಮ ಕಳಿಸಿದ್ದಾ? ಅಂಗಡಿದು ಅಂದ್ಕೊಂಡೆ, ನಿನ್ನ ಅಂಗಡಿದು,” ಎಂದಳು. ಬಹಳ ದೂರ ಬಂದ ಮೇಲೆ, ಕಿಟಕಿಯ ಕಡೆ ತಿರುಗಿಕೊಂಡು, “ಐ ವಾಸ್ ವೇಟಿಂಗ್, ಮಾಮ. ಹೋಲ್ ಟೈಮ್,” ಎಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಆಸ್ಪತ್ರೆಯಲ್ಲಿ ಅಕ್ಕನ ಅದೇ ತೋರುಬೆರಳಿಗೆ, ಆ ರಬ್ಬರ್ ಟೋಪಿಯ ಜಾಗದಲ್ಲಿ, ನಾಡಿ ಅಳೆಯುವ ಕ್ಲಿಪ್ಪು ಹಾಕಿದ್ದರು. ಒಳಗೆ ಕೆಂಪು ದೀಪ ಉರಿಯುತ್ತಿತ್ತು. ಚಿನ್ನು ಬಗ್ಗಿ ಕಿವಿಯ ಹತ್ತಿರ, “ಅಮ್ಮ, ಮುಟ್ಟಿತು. ಈಗ ಮುಟ್ಟಿತು ಅಮ್ಮ. ಐ ಗಾಟ್ ಇಟ್,” ಎಂದಳು. ಕೆಂಪು ದೀಪದ ಬೆರಳು ಹಾಸಿಗೆಯಿಂದ ತುಸು ಎದ್ದಿತು. ಅಕ್ಕ ಪಾಠ ಶುರುಮಾಡುವಾಗ ಏಳುವ ಹಾಗೆಯೇ. ನರ್ಸು, ಇಂಥ ರೋಗಿಗಳ ಬೆರಳು ಸುಮ್ಮಸುಮ್ಮನೆ ಅದುರುತ್ತದೆ ಎಂದು ಹೇಳಿ ಕ್ಲಿಪ್ಪು ಸರಿಮಾಡಿ ಹೋದಳು. ಅವಳಿಗೆ ಆ ಬೆರಳಿನ ವಿಷಯ ಏನು ಗೊತ್ತು? ನನಗಾದರೂ ಏನು ಗೊತ್ತು?

ಎರಡು ದಿನದ ಮೇಲೆ ಅಕ್ಕ ಹೋದಳು. ಡಬ್ಬಗಳು ಈಗ ನನ್ನ ಅಪಾರ್ಟ್‌ಮೆಂಟಿನಲ್ಲಿವೆ, ಕಾಲಿಗೆ ತಾಗುತ್ತವೆ. ರಬ್ಬರ್ ಟೋಪಿ ಹಾಕಿಕೊಂಡು, ಡಿಕ್ಷನರಿ ಇಟ್ಟುಕೊಂಡು ಓದಲು ಕೂರುತ್ತೇನೆ. ಒಂದು ಕಾಗದ ಮುಗಿಯಲು ನನಗೆ ಒಂದು ವಾರ ಬೇಕು. ಚಿನ್ನು ಓದು ಮುಗಿಸಲು ಮತ್ತೆ ಕಾಲೇಜಿಗೆ ಹೋಗುತ್ತಾಳೆ. ಆಗಾಗ ಅಂಗಡಿಗೆ ಬಂದು ಬೆಂಡೆಕಾಯಿಯ ತುದಿ ಮುರಿಯುತ್ತಾಳೆ. ನಾನು ಏನೂ ಅನ್ನುವುದಿಲ್ಲ.

ತಪ್ಪಾಯ್ತು ಎನ್ನುವುದಕ್ಕೆ ನಕಲು ಇರಬಾರದು ಎಂದಿದ್ದಳು ಅಕ್ಕ. ಅವಳಷ್ಟು ಧೈರ್ಯ ನನಗಿಲ್ಲ. ಮೊದಲನೆಯದನ್ನು ಆಸ್ಪತ್ರೆಯಲ್ಲಿ ಅವಳ ಕಿವಿಯಲ್ಲಿ ಹೇಳಿದೆ, ಚಿನ್ನು ನೀರು ತರಲು ಹೋಗಿದ್ದಾಗ. ಬೆರಳು ಏಳಲಿಲ್ಲ. ಎರಡನೆಯದನ್ನು, ಅಕ್ಕ ಹೋದ ಮೇಲೆ, ಚಿನ್ನುವಿಗೆ ಹೇಳಿದೆ. ಅವಳು ಕಿಟಕಿಯ ಕಡೆ ತಿರುಗಿಕೊಂಡಳು.

ಇದು ಮೂರನೆಯ ಪ್ರತಿ.