ಬಂಟ್ವಾಳ ಪೇಟೆಯ ಹದಿನಾಲ್ಕು ಸೂಜಿಗಳು

ನೆರಿಯ ಎಂಬ ಹಳ್ಳಿಯ ಮಕ್ಕಳಾದ ನಮಗೆ ಪೇಟೆ ಎಂದರೆ ಬಂಟ್ವಾಳ ಎಂದೇ ಅರ್ಥವಿದ್ದ ಕಾಲ ಅದು. ಬೆಳ್ತಂಗಡಿ ಎಷ್ಟೋ ಹತ್ತಿರವಿತ್ತು, ಆದರೆ ಅಲ್ಲಿಗೆ ದೊಡ್ಡವರು ಕಚೇರಿ ಕೆಲಸಕ್ಕೆ ಮಾತ್ರ ಹೋಗುತ್ತಿದ್ದರು. ಮದುವೆಯ ಸೀರೆ, ತಾಮ್ರದ ಹಂಡೆ, ಉಪ್ಪು, ಒಣಮೀನು ಎಲ್ಲ ಬರುತ್ತಿದ್ದದ್ದು ಬಂಟ್ವಾಳದಿಂದ. ಹೋಗಿ ಬಂದ ಗಂಡಸರು ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತ ಹೊಳೆಯ ಬದಿಯ ಆ ಉದ್ದದ ಬೀದಿಯ ಸುದ್ದಿ ಹೇಳುವಾಗ ನಾನೂ ಗಿರಿಜೆಯೂ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆವು.

ಗಿರಿಜೆ ನನ್ನ ಚಿಕ್ಕಮ್ಮನ ಮಗಳು. ನನಗೆ ಹತ್ತು ವರ್ಷ, ಅವಳಿಗೆ ಎಂಟು. ನಮ್ಮದು ತಾಯಿಯ ಕಡೆಯಿಂದ ನಡೆಯುವ ಮನೆತನ. ಅಮ್ಮ, ಚಿಕ್ಕಮ್ಮ, ಮಕ್ಕಳು ಎಲ್ಲರೂ ಒಂದೇ ಸೂರಿನಡಿ. ಯಜಮಾನರು ದೊಡ್ಡ ಮಾವ. ಅವರೆದುರು ನಾವು ಗಟ್ಟಿಯಾಗಿ ಕೆಮ್ಮುತ್ತಲೂ ಇರಲಿಲ್ಲ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ದೀಪಾವಳಿ ಕಳೆದು ಬೆಳಗಿನ ಚಳಿ ಶುರುವಾಗಿತ್ತು. ಒಂದು ಸಂಜೆ ನಾವಿಬ್ಬರೇ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಾಗ ಎಲ್ಲಿಯದೋ ಒಂದು ಕಂದು ನಾಯಿ ತಲೆ ತಗ್ಗಿಸಿಕೊಂಡು ಬಂತು. ಬೊಗಳಲಿಲ್ಲ. ನೇರ ಬಂದು ನನ್ನ ಮೀನಖಂಡಕ್ಕೆ ಬಾಯಿ ಹಾಕಿತು. ನಾನು ಬಿದ್ದೆ. ಗಿರಿಜೆ ಓಡಿಹೋಗಲಿಲ್ಲ. ಪೊರಕೆ ಹಿಡಿದು ಅದರ ಮುಖಕ್ಕೆ ಬಡಿದಳು. ಅದು ನನ್ನನ್ನು ಬಿಟ್ಟು ಅವಳ ಕೈಗೆ ಒಮ್ಮೆ ಹಾರಿ, ಗದ್ದೆಯ ಕಡೆಗೆ ಹೊರಟುಹೋಯಿತು. ಮರುದಿನ ಆಳುಗಳು ಅದನ್ನು ಹೊಡೆದು ಹಾಕಿದರು.

ಮನೆಯಲ್ಲಿ ನನ್ನ ಕಾಲಿನ ರಕ್ತ ನೋಡಿ ಎಲ್ಲರೂ ಕೂಗಾಡುತ್ತಿದ್ದಾಗ ಗಿರಿಜೆ ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡಿದ್ದಳು. ಮಣಿಕಟ್ಟಿನ ಬಳಿ ಎರಡು ಸಣ್ಣ ಗುರುತು. ಒಲೆಯ ಬೂದಿ ಉಜ್ಜಿ, ಮೇಲೆ ಬಳೆ ಸರಿಸಿಕೊಂಡಿದ್ದಳು.

“ಲೀಲಕ್ಕ, ಯಾರಿಗೂ ಹೇಳ್ಬೇಡ. ಹೇಳಿದ್ರೆ ನನಗೂ ಹೊಟ್ಟೆಗೆ ಚುಚ್ಚುತ್ತಾರೆ. ಹದಿನಾಲ್ಕು ಉಂಟಂತೆ. ದಬ್ಬಣದಷ್ಟು ದೊಡ್ಡ ಸೂಜಿಯಂತೆ.”

“ನಿನಗೂ ಕಚ್ಚಿದೆಯಲ್ಲ?”

“ಇದು ಕಚ್ಚಿದ್ದಲ್ಲ ಮಾರಾಯ್ತಿ, ತಾಗಿದ್ದು ಮಾತ್ರ. ನನ್ನ ತಲೆ ಮುಟ್ಟಿ ಆಣೆ ಹಾಕು.”

ನಾನು ತಲೆ ಮುಟ್ಟಿ ಆಣೆ ಹಾಕಿದೆ. ಯಾರ ತಲೆ ಮುಟ್ಟಿ ಆಣೆ ಹಾಕುತ್ತೇವೋ, ಮಾತು ಮುರಿದರೆ ಅವರು ಸಾಯುತ್ತಾರೆ ಎಂದು ನಾವು ಮಕ್ಕಳು ನಂಬಿದ್ದೆವು.

ಆ ಮದ್ದು ಬೆಳ್ತಂಗಡಿಯಲ್ಲಿ ಇರಲಿಲ್ಲ. ದೊಡ್ಡ ಮಾವ ನನ್ನನ್ನು ಗಾಡಿಯಲ್ಲಿ, ಆಮೇಲೆ ಬಸ್ಸಿನಲ್ಲಿ ಬಂಟ್ವಾಳಕ್ಕೆ ಕರೆದುಕೊಂಡು ಹೋದರು. ಪೇಟೆಯ ನಡುಮಧ್ಯದಲ್ಲಿ ನಮ್ಮ ದೂರದ ಸಂಬಂಧದ ಸಂಜೀವಣ್ಣನ ಹೋಟೆಲಿತ್ತು. ಕೆಳಗೆ ಹೋಟೆಲು, ಮಹಡಿಯಲ್ಲಿ ಅವನೂ ಹೆಂಡತಿ ಪದ್ಮಕ್ಕನೂ ಇದ್ದರು. ಬೀದಿಯ ಕಡೆಯ ಕೋಣೆಯನ್ನು ನಮಗೆ ಬಿಟ್ಟುಕೊಟ್ಟರು.

ಮೊದಲ ಬೆಳಗ್ಗೆ ನನ್ನನ್ನು ಎಬ್ಬಿಸಿದ್ದು ಮರದ ಸದ್ದು. ಕಿಟಕಿಯಿಂದ ನೋಡಿದರೆ, ಬೀದಿಯುದ್ದಕ್ಕೂ ಅಂಗಡಿಯವರು ಬಾಗಿಲ ಹಲಗೆಗಳನ್ನು ಒಂದೊಂದಾಗಿ ಕಳಚಿ ಗೋಡೆಗೆ ಒರಗಿಸುತ್ತಿದ್ದರು. ಎರಡು ಬದಿಯ ಹೆಂಚಿನ ಮಾಡುಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ. ನಡುವೆ ಒಂದು ಪಟ್ಟಿ ಆಕಾಶ. ಅದರಡಿ ಉಪ್ಪು ಹೇರಿದ ಎತ್ತಿನ ಗಾಡಿಗಳು, ತಲೆಹೊರೆಯವರು, ಶಾಲೆಗೆ ಹೋಗುವವರು. ಒಬ್ಬರು ಕೊಂಕಣಿಯಲ್ಲಿ ಬೈದರೆ ಇನ್ನೊಬ್ಬರು ಬ್ಯಾರಿ ಭಾಷೆಯಲ್ಲಿ ಉತ್ತರ ಕೊಡುತ್ತಿದ್ದರು, ನಡುವೆ ನಿಂತವನು ತುಳುವಿನಲ್ಲಿ ನಗುತ್ತಿದ್ದ. ಬೆಲ್ಲ, ಹೊಗೆಸೊಪ್ಪು, ಹೊಸ ಗೋಣಿ, ಒಣಮೀನಿನ ವಾಸನೆಗಳ ಮೇಲೆ ಕೆಳಗಿನ ಬಾಣಲೆಯಿಂದ ಗೋಳಿಬಜೆಯ ಪರಿಮಳ. ಎದುರಿನ ಗೋಡೆಯಲ್ಲಿ ಆಳೆತ್ತರಕ್ಕೂ ಮೇಲೆ ಒಂದು ಕಂದು ಗೆರೆ ಕಾಣುತ್ತಿತ್ತು. ಅಷ್ಟು ಎತ್ತರಕ್ಕೆ ಒಂದು ಕಾಲದಲ್ಲಿ ಹೊಳೆ ಬಂದಿತ್ತೆಂದು ಪದ್ಮಕ್ಕ ಹೇಳಿದಳು.

ಆಸ್ಪತ್ರೆ ಪೇಟೆಯ ಮೇಲಿನ ತುದಿಯಲ್ಲಿತ್ತು. ಸೂಜಿ ಗಿರಿಜೆ ಹೇಳಿದಷ್ಟು ದೊಡ್ಡದಲ್ಲದಿದ್ದರೂ ದೊಡ್ಡದೇ. ಕಂಪೌಂಡರು ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಚುಚ್ಚುತ್ತಿದ್ದರು. ಮದ್ದು ಒಳಗೆ ಹೋಗುವಾಗ ಕಾದ ಮರಳು ಸುರಿದ ಹಾಗೆ. ಮೂರನೆಯ ದಿನಕ್ಕೆ ಹೊಟ್ಟೆಯ ಮೇಲೆ ಗಂಟುಗಳೆದ್ದು ಲಂಗದ ಲಾಡಿ ಕಟ್ಟಲಾಗುತ್ತಿರಲಿಲ್ಲ. ದೊಡ್ಡ ಮಾವ ನನ್ನ ಕೈ ಹಿಡಿದು ನಿಧಾನ ನಡೆಸುತ್ತಿದ್ದರು. ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು.

ಬಗ್ಗಿಕೊಂಡು ನಡೆಯುವ ನನ್ನನ್ನು ಪೇಟೆ ಬೇಗ ಗುರುತು ಹಿಡಿಯಿತು. “ನಾಯಿ ಕಚ್ಚಿದ ಹುಡುಗಿ ಬಂದಳು” ಎಂದು ಕೂಗಿ ಬಟ್ಟೆ ಅಂಗಡಿಯ ಮೊಯ್ದಿನಬ್ಬ ದಿನಾ ಎರಡು ಖರ್ಜೂರ ಕೊಡುತ್ತಿದ್ದ. “ಇವತ್ತಿಗೆ ಎಷ್ಟಾಯ್ತು ಮಗಾ?” ಎನ್ನುತ್ತಿದ್ದ. “ಐದು” ಎಂದರೆ, “ಓ, ಇನ್ನು ಒಂಬತ್ತೇ ಅಲ್ವಾ, ಕಣ್ಣು ಮುಚ್ಚಿ ತೆರೆಯುವಾಗ ಮುಗೀತದೆ” ಎನ್ನುತ್ತಿದ್ದ. ಹೋಟೆಲಿನ ಪಕ್ಕದಲ್ಲಿ ಹಂಡೆ ಬಡಿಯುವ ಕಂಚುಗಾರ ನಾನು ನಿಂತು ನೋಡಿದರೆ ಸುತ್ತಿಗೆಯನ್ನು ತಾಳಕ್ಕೆ ಬಡಿದು ತೋರಿಸುತ್ತಿದ್ದ. ಸಂಜೆ ನೋವು ಕಡಿಮೆಯಾದ ಮೇಲೆ ಪದ್ಮಕ್ಕ ನನ್ನನ್ನು ಕೆಳಗಿನ ಪೇಟೆಗೆ ಕರೆದೊಯ್ಯುತ್ತಿದ್ದಳು. ಅಲ್ಲಿ ಹೊಳೆಗೆ ಇಳಿಯುವ ಧಕ್ಕೆಯ ಮೆಟ್ಟಿಲುಗಳಿಗೆ ಮಂಗಳೂರಿನ ದೋಣಿಗಳು ಬಂದು ತಾಗುತ್ತಿದ್ದವು. ಹೆಂಚು, ಉಪ್ಪು ಇಳಿಸಿ, ಅಕ್ಕಿ, ಅಡಿಕೆ ಹೇರಿಕೊಂಡು ಹೋಗುತ್ತಿದ್ದವು. ಊರಲ್ಲಿ ಹನ್ನೊಂದು ಮಕ್ಕಳ ನಡುವೆ ಒಬ್ಬಳಾಗಿದ್ದ ನಾನು ಇಲ್ಲಿ ಒಬ್ಬಳೇ ಇದ್ದೆ, ಎಲ್ಲರ ಬಾಯಲ್ಲೂ ಇದ್ದೆ.

ಐದನೆಯದೋ ಆರನೆಯದೋ ಸೂಜಿಯ ದಿನ ಕಂಪೌಂಡರು ಸುಮ್ಮನೆ ಎಂಬಂತೆ ಕೇಳಿದರು: “ಆ ನಾಯಿ ಮನೆಯಲ್ಲಿ ಬೇರೆ ಯಾರಿಗಾದರೂ ಕಚ್ಚಿದ್ದು ಉಂಟಾ?”

ದೊಡ್ಡ ಮಾವ ನನ್ನ ಮುಖ ನೋಡಿದರು.

“ಇಲ್ಲ” ಎಂದೆ.

ಆಣೆಯ ಹೆದರಿಕೆ ಇತ್ತು, ಅದು ಸುಳ್ಳಲ್ಲ. ಇನ್ನೊಂದು ಕಾರಣವೂ ಇತ್ತು, ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಗಿರಿಜೆಯೂ ಬಂದರೆ ಆ ಪೇಟೆ ನನ್ನೊಬ್ಬಳದಾಗಿ ಉಳಿಯುತ್ತಿರಲಿಲ್ಲ. ಅವಳು ನನಗಿಂತ ಚಂದ ಇದ್ದಳು, ಮಾತೂ ಚುರುಕು. ಮೊಯ್ದಿನಬ್ಬನ ಖರ್ಜೂರ ಮೊದಲು ಅವಳ ಕೈಗೆ ಹೋಗುತ್ತಿತ್ತು ಎಂದು ನನಗೆ ಗೊತ್ತಿತ್ತು.

ಹತ್ತನೆಯ ದಿನ ನಾವು ಆಸ್ಪತ್ರೆಯಿಂದ ಇಳಿದು ಬರುತ್ತಿದ್ದಾಗ ಎದುರಿನಿಂದ ಒಂದು ಗಾಡಿ ಬಂತು. ಅದರಲ್ಲಿ ಒಬ್ಬ ಗಂಡಸನ್ನು ಹಗ್ಗದಲ್ಲಿ ಕಟ್ಟಿ ಮಲಗಿಸಿದ್ದರು. ಪಕ್ಕದಲ್ಲಿ ಅವನ ಹೆಂಡತಿ. ಅವಳು ಒಂದು ಅಂಗಡಿಯ ಎದುರು ಗಾಡಿ ನಿಲ್ಲಿಸಿ ಚೊಂಬಿನಲ್ಲಿ ನೀರು ಕೇಳಿ ತೆಗೆದುಕೊಂಡು ಅವನ ತುಟಿಯ ಬಳಿ ಹಿಡಿದಳು. ಅವನು ಕುತ್ತಿಗೆ ಸೆಟೆಸಿ ಹಾಕಿದ ಕೂಗಿಗೆ ಎತ್ತುಗಳು ಬೆದರಿದವು. ಚೊಂಬು ಉರುಳಿ ನೀರು ಬೀದಿಯ ಧೂಳಿನಲ್ಲಿ ಹರಿಯಿತು. “ನಾಯಿ ಕಚ್ಚಿ ತಿಂಗಳಾಯಿತಂತೆ, ಮದ್ದು ಮಾಡಿಸ್ಲಿಲ್ಲ” ಎಂದು ಯಾರೋ ಹೇಳಿದರು. “ಸಣ್ಣ ಗಾಯವಂತೆ.”

ನಾನು ಅಲ್ಲೇ ನಿಂತುಬಿಟ್ಟೆ.

“ದೊಡ್ಡ ಮಾವ, ಗಿರಿಜೆಗೂ ಕಚ್ಚಿದೆ.”

ಅವರು ಹೊಡೆಯುತ್ತಾರೆ ಎಂದುಕೊಂಡೆ. ಹತ್ತಿರದ ಅಂಗಡಿಯ ಜಗಲಿಯ ಮೇಲೆ ಕುಳಿತರು. ಬೆರಳು ಮಡಚಿ ದಿನ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಆಮೇಲೆ ತಗ್ಗಿದ ದನಿಯಲ್ಲಿ, “ನಿನಗೆ ಗೊತ್ತಿತ್ತು ಅಂತ ಮನೆಯಲ್ಲಿ ಯಾರಿಗೂ ಹೇಳ್ಬೇಡ. ನಾನು ಬೇರೆ ಏನಾದ್ರೂ ಹೇಳ್ತೇನೆ” ಎಂದರು. ಅಂದೇ ಮಧ್ಯಾಹ್ನದ ಬಸ್ಸಿಗೆ ಹೋದರು.

ಎರಡು ದಿನ ಬಿಟ್ಟು ಗಿರಿಜೆಯನ್ನು ಕರೆತಂದರು. ದೀಪಾವಳಿಯ ಹಸಿರು ಲಂಗ ಹಾಕಿಕೊಂಡಿದ್ದಳು. ಚಿಕ್ಕಮ್ಮನಿಗೆ ಹಾಲು ಕುಡಿಯುವ ಕೂಸಿತ್ತು, ಬರಲಾಗಲಿಲ್ಲ. ನಾಯಿ ಬಂದಾಗ ಅಂಗಳದಲ್ಲಿದ್ದವರಿಗೂ ಮದ್ದು ಬೇಕೆಂದು ಡಾಕ್ಟರು ಹೇಳಿದ್ದಾಗಿ ದೊಡ್ಡ ಮಾವ ಮನೆಯಲ್ಲಿ ತಿಳಿಸಿದ್ದರು.

ಗಿರಿಜೆ ನನ್ನೊಡನೆ ಜಗಳವಾಡುತ್ತಾಳೆಂದು ಹೆದರಿದ್ದೆ. ಅವಳು ಕಿಟಕಿಯ ಸರಳು ಹಿಡಿದು ಬೀದಿ ನೋಡುತ್ತಲೇ ಇದ್ದಳು.

“ಲೀಲಕ್ಕ, ಇಷ್ಟು ದಿನ ಇದನ್ನೆಲ್ಲ ನೀನೊಬ್ಬಳೇ ನೋಡಿದ್ದಾ?”

ಆಮೇಲೆ ತಿರುಗದೆ ಕೇಳಿದಳು: “ನೀನು ಆಣೆ ಮುರಿದೆಯಲ್ಲ, ಇನ್ನು ನಾನು ಸಾಯ್ತೇನಾ?”

“ಇಲ್ಲ ಮಾರಾಯ್ತಿ. ಸೂಜಿ ಹಾಕಿಸಿಕೊಂಡ್ರೆ ಆಣೆ ತಾಗುವುದಿಲ್ಲ” ಎಂದೆ. ಅವಳು ನಂಬಿದಳು.

ಸೂಜಿಗೆ ಅವಳು ಅಳಲಿಲ್ಲ. ನಾನು ಕಿರಿಚುತ್ತಿದ್ದೆ ಎಂದು ಕಂಪೌಂಡರು ಹೇಳಿದ್ದಕ್ಕೆ ನನ್ನನ್ನು ನೋಡಿ ನಕ್ಕಳು. ನನ್ನ ಹದಿನಾಲ್ಕು ಮುಗಿದ ಮೇಲೂ ನಾನು ಅವಳ ಜೊತೆ ದಿನಾ ಹೋಗುತ್ತಿದ್ದೆ. ಮೊಯ್ದಿನಬ್ಬ ಖರ್ಜೂರ ನಾಲ್ಕು ಮಾಡಿದ. ಕಂಚುಗಾರನ ತಾಳಕ್ಕೆ ಅವಳು ಬೀದಿಯಲ್ಲೇ ಕುಣಿದು ದೊಡ್ಡ ಮಾವನಿಂದ ಬೈಸಿಕೊಂಡಳು. ಕೆಳಗಿನ ಪೇಟೆಗೆ ಹೋಗುವ, ದೋಣಿ ನೋಡುವ ಎಂದು ದಿನಾ ಪೀಡಿಸುತ್ತಿದ್ದಳು. “ಹದಿನಾಲ್ಕು ಮುಗಿಯಲಿ, ಆಮೇಲೆ ತೋರಿಸ್ತೇನೆ” ಎನ್ನುತ್ತಿದ್ದೆ. ಏನಾದರೂ ಒಂದನ್ನು ನನ್ನ ಕೈಯಲ್ಲೇ ಇಟ್ಟುಕೊಳ್ಳಬೇಕೆಂದು ನನಗೆ ಅನಿಸುತ್ತಿತ್ತು.

ಏಳು ಸೂಜಿಯಾದ ಸಂಜೆ ಅವಳು ಮಣಿಕಟ್ಟನ್ನು ತುರಿಸಿಕೊಳ್ಳುತ್ತ, “ಒಳಗೆ ಇರುವೆ ಹರಿದ ಹಾಗೆ ಆಗ್ತದೆ” ಎಂದಳು. ಮರುದಿನ ಬೆಳಗ್ಗೆ ಪದ್ಮಕ್ಕ ಕಾಫಿಯ ಲೋಟ ಹಿಡಿದಾಗ ಗಿರಿಜೆಯ ಗಂಟಲು ಎಳೆದುಕೊಂಡಿತು. ತನಗೇನಾಯಿತೆಂದು ಅವಳಿಗೇ ಅರ್ಥವಾಗದೆ ನಮ್ಮೆಲ್ಲರ ಮುಖ ನೋಡಿದಳು. ಪದ್ಮಕ್ಕನ ಕೈಯಿಂದ ಲೋಟ ಬಿತ್ತು. ನಮಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ.

ಡಾಕ್ಟರು ಮಹಡಿ ಹತ್ತಿ ಬಂದರು. ದೊಡ್ಡ ಮಾವನನ್ನು ಹೊರಗೆ ಕರೆದು ಮಾತಾಡಿದರು. ಕಿಟಕಿ ಮುಚ್ಚಲು ಹೇಳಿದರು. ಗಾಳಿ ತಾಗಿದರೂ, ಸದ್ದು ಕೇಳಿದರೂ ಅವಳ ಮೈ ಸೆಟೆಯುತ್ತಿತ್ತು. ಸಂಜೀವಣ್ಣ ಹೋಟೆಲಿನ ಒಲೆ ಆರಿಸಿ ಹಲಗೆ ಹಾಕಿದ. ಪಕ್ಕದಲ್ಲಿ ಕಂಚುಗಾರನ ಸುತ್ತಿಗೆ ನಿಂತಿತು. ಅವನಿಗೆ ಯಾರೂ ಹೇಳಿ ಕಳಿಸಿರಲಿಲ್ಲ. ನಾನು ಕೆಳಗಿಳಿದು ಹಲಗೆಯ ಸಂದಿಯಿಂದ ನೋಡಿದೆ. ಮೊಯ್ದಿನಬ್ಬ ಬೀದಿಯ ನಡುವೆ ನಿಂತು ಬರುವ ಗಾಡಿಗಳನ್ನು ಕೈಸನ್ನೆಯಲ್ಲಿ ತಡೆಯುತ್ತಿದ್ದ. ಗಾಡಿಯವರು ಅಲ್ಲೇ ಇಳಿದು ಮೂಟೆಗಳನ್ನು ತಲೆಯ ಮೇಲೆ ಹೊತ್ತು ಬರಿಗಾಲಲ್ಲಿ ನಮ್ಮ ಕಿಟಕಿಯ ಕೆಳಗೆ ಹಾದುಹೋಗುತ್ತಿದ್ದರು. ಅಂಥ ಗದ್ದಲದ ಬೀದಿ, ಯಾವ ಊರಿನದೋ ಒಂದು ಮಗುವಿಗಾಗಿ ಆ ದಿನವಿಡೀ, ಮರುದಿನ ಮಧ್ಯಾಹ್ನದವರೆಗೂ ಉಸಿರು ಬಿಗಿಹಿಡಿದಿತ್ತು.

ನನ್ನನ್ನು ಹತ್ತಿರ ಬಿಡಲಿಲ್ಲ. ಕೊನೆಗೊಮ್ಮೆ ಬಾಗಿಲಿನಿಂದ ನೋಡಿದಾಗ ದೊಡ್ಡ ಮಾವ ಅವಳ ಕೈಗಳನ್ನು ಹಿಡಿದುಕೊಂಡು ಕುಳಿತಿದ್ದರು. ಅವಳು ನನ್ನನ್ನು ನೋಡಿದಳು. ಏನೋ ಹೇಳಲು ಹೋದಳು, ಆಗಲಿಲ್ಲ. ಆಣೆಯ ಮಾತೇ ಆಗಿರಬೇಕು ಎಂದು ನಾನು ಎಷ್ಟೋ ವರ್ಷ ನಂಬಿದ್ದೆ.

ಮರುದಿನ ಮಧ್ಯಾಹ್ನ ಹೋದಳು. ಮೊಯ್ದಿನಬ್ಬ ಬಿಳಿ ಬಟ್ಟೆ ಹರಿದು ತಂದುಕೊಟ್ಟ. ಅಷ್ಟು ದೂರ ಒಯ್ಯುವಂತಿರಲಿಲ್ಲ. ಹೊಳೆಯ ಆಚೆ ಬದಿಯಲ್ಲಿ ಮಣ್ಣು ಮಾಡಿದರು. ನಾನೂ ದೊಡ್ಡ ಮಾವನೂ ಇಬ್ಬರೇ ಬಸ್ಸಿನಲ್ಲಿ ಹಿಂದೆ ಬಂದೆವು. ಅಂಗಳದಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದ ಚಿಕ್ಕಮ್ಮ ನಮ್ಮ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡುತ್ತಲೇ ಇದ್ದಳು.

ದೊಡ್ಡ ಮಾವ ಕೊನೆಯವರೆಗೂ ಆ ಸುಳ್ಳನ್ನು ಕಾಪಾಡಿದರು. ನನ್ನ ಮದುವೆಯ ದಿನ ನನ್ನ ತಲೆ ಮುಟ್ಟಿದ್ದು ಬಿಟ್ಟರೆ ಆಮೇಲೆ ಎಂದೂ ನನ್ನನ್ನು ಮುಟ್ಟಲಿಲ್ಲ.

ಚಿಕ್ಕಮ್ಮನಿಗೆ ವಯಸ್ಸಾದ ಮೇಲೆ ಕಣ್ಣಿನ ಆಪರೇಷನ್ನಿಗೆಂದು ನಾನೇ ಮಂಗಳೂರಿಗೆ ಕರೆದೊಯ್ಯಬೇಕಾಯಿತು. ಬಸ್ಸುಗಳು ಈಗ ಪೇಟೆಯ ಒಳಗೆ ಹೋಗುವುದಿಲ್ಲ, ಹೊರಗಿನ ರಸ್ತೆಯಲ್ಲೇ ದಾಟುತ್ತವೆ. ಬಂಟ್ವಾಳ ಬಂತೆಂದು ಕಂಡಕ್ಟರ್ ಕೂಗಿದಾಗ ಚಿಕ್ಕಮ್ಮ ಎದ್ದು ನಿಂತಳು.

“ಆ ಪೇಟೆ ನನಗೊಮ್ಮೆ ನೋಡಬೇಕಿತ್ತು, ಲೀಲಾ. ಕಣ್ಣು ಪೂರ್ತಿ ಹೋಗುವ ಮೊದಲು.”

ಇಳಿದು ನಡೆದೆವು. ಅರ್ಧಕ್ಕರ್ಧ ಅಂಗಡಿಗಳ ಹಲಗೆ ಮುಚ್ಚಿತ್ತು. ವ್ಯಾಪಾರವೆಲ್ಲ ಹೆದ್ದಾರಿಯ ಬಿ.ಸಿ. ರೋಡಿಗೆ ಹೋಗಿ ಎಷ್ಟೋ ಕಾಲವಾಗಿತ್ತು. ಕಂಚುಗಾರನ ಜಾಗದಲ್ಲಿ ಪ್ಲಾಸ್ಟಿಕ್ ಕೊಡಗಳು. ಮೊಯ್ದಿನಬ್ಬನ ಮೊಮ್ಮಕ್ಕಳು ಗಲ್ಫಿನಲ್ಲಿದ್ದಾರೆಂದು ಯಾರೋ ಹೇಳಿದರು. ನಾನು ಕೈ ಹಿಡಿದು ಒಂದೊಂದೇ ಜಾಗ ತೋರಿಸಿದೆ. ಇಲ್ಲಿ ಖರ್ಜೂರ ತಿಂದಳು. ಇಲ್ಲಿ ಕುಣಿದಳು. ಈ ಮಹಡಿ. ಚಿಕ್ಕಮ್ಮ ಮಸುಕು ಕಣ್ಣು ಕಿರಿದು ಮಾಡಿ ಎಲ್ಲವನ್ನೂ ನೋಡಿದಳು. ಮಹಡಿಯ ಕೆಳಗೆ ತುಂಬಾ ಹೊತ್ತು ನಿಂತಳು. ಕಂಪೌಂಡರು ಕೇಳಿದಾಗ ನಾನು ಇಲ್ಲ ಎಂದದ್ದನ್ನು ಹೇಳಬೇಕೆಂದು ಬಾಯಿ ತೆರೆದೆ. ಹೇಳಿದ್ದು ಬೇರೆ: “ಬಾ ಚಿಕ್ಕಮ್ಮ, ಕೆಳಗೆ ಧಕ್ಕೆ ಉಂಟು. ದೋಣಿ ಈಗ ಇಲ್ಲ, ಮೆಟ್ಟಿಲು ಉಂಟು.”

“ಅವಳು ಅಲ್ಲಿಗೆ ಹೋಗಿದ್ದಳಾ?”

“ಇಲ್ಲ. ಇಲ್ಲಿಯವರೆಗೆ ಮಾತ್ರ.”

“ಹಾಗಾದ್ರೆ ನನಗೂ ಇಲ್ಲಿಯವರೆಗೆ ಸಾಕು” ಎಂದು ಚಿಕ್ಕಮ್ಮ ಹಿಂದೆ ತಿರುಗಿದಳು. “ಹೋಗುವ.”

ಚಿಕ್ಕಮ್ಮ ತೀರಿಕೊಂಡೂ ಈಗ ಬಹಳ ವರ್ಷಗಳಾದವು. ಆ ಬೀದಿಯನ್ನು ಕಂಡ ನನ್ನ ಓರಗೆಯವರು ಅದರ ವೈಭವ ಹೋಯಿತೆಂದು ಮರುಗುವಾಗ ನಾನೂ ಹೌದೆನ್ನುತ್ತೇನೆ. ಗಾಡಿ ನಿಲ್ಲಿಸಿ ಬರಿಗಾಲಲ್ಲಿ ನಡೆದ ಆ ಜನ ಈಗ ಎಲ್ಲಿ ಸಿಗಬೇಕು? ನಾನು ಒಮ್ಮೆ ಬಾಯಿಬಿಟ್ಟು ಹೇಳಬಹುದಾಗಿದ್ದ ಒಬ್ಬಳೂ ಈಗ ಇಲ್ಲ.