ತಂಗಿ ಆರಿಸಿಕೊಟ್ಟ ಕ್ಯಾಮೆರಾ

ನನ್ನ ತಂಗಿ ಮೂವತ್ತೊಂದು ವರ್ಷ ಒಂದೇ ಫೋಟೋ ಸ್ಟುಡಿಯೋದಲ್ಲಿ ಕೆಲಸ ಮಾಡಿದಳು. ಹಾಗಿದ್ದೂ ಐವತ್ತೆಂಟು ತುಂಬುವವರೆಗೆ ಒಂದು ಸಲವಾದರೂ ಕ್ಯಾಮೆರಾದ ಗುಂಡಿ ಒತ್ತಿದವಳಲ್ಲ. ನಂಬುವುದು ಕಷ್ಟ, ಆದರೆ ನಿಜ. ಸ್ಟುಡಿಯೋದ ಮುಂದಿನ ಕೋಣೆ ಯಜಮಾನರದು, ಹಿಂದಿನದು ಇವಳದು, ನಡುವೆ ದಪ್ಪನೆಯ ಕಪ್ಪು ಪರದೆ. ಮುಂದೆ ಜನ ಬಂದು, ತಲೆ ಬಾಚಿಕೊಂಡು, ಉಸಿರು ಬಿಗಿಹಿಡಿದು ಕೂತು, ಎದ್ದು ಹೋಗುತ್ತಿದ್ದರು. ಹಿಂದೆ ಇವಳು ಓರೆಯಾಗಿ ನಿಲ್ಲಿಸಿದ ಹಾಲುಗಾಜಿನ ಮೇಲೆ ಅವರ ನೆಗೆಟಿವ್ ಇಟ್ಟುಕೊಂಡು, ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲ್ಲಿನಿಂದ ಮೊಡವೆ, ಗಾಯದ ಗುರುತು, ಹಣೆಯ ಗೆರೆ ಎಲ್ಲವನ್ನೂ ಚುಕ್ಕಿ ಚುಕ್ಕಿಯಾಗಿ ಮುಚ್ಚುತ್ತಿದ್ದಳು. ಆ ಕೆಲಸಕ್ಕೆ ಟಚಿಂಗ್ ಎನ್ನುತ್ತಾರೆ. ಊರಿನ ಅರ್ಧ ಜನ ತಾವು ಬಹಳ ಚೆಂದ ಎಂದು ನಂಬಿಕೊಂಡಿದ್ದು ನನ್ನ ತಂಗಿಯ ಪೆನ್ಸಿಲ್ಲಿನ ದಯೆಯಿಂದ.

ಆಮೇಲೆ ಕಂಪ್ಯೂಟರ್ ಬಂತು. ಪೆನ್ಸಿಲ್ಲಿನ ಕೆಲಸ ನಿಂತಿತು. ಯಜಮಾನರು ಒಳ್ಳೆಯವರು, ಇವಳನ್ನು ಹೋಗು ಎನ್ನಲಿಲ್ಲ. ಫೋಟೋ ಕತ್ತರಿಸಿ ಕವರಿಗೆ ಹಾಕುವುದು, ಹೆಸರು ಬರೆಯುವುದು, ನೆಲ ಒರೆಸುವುದು, ಹೀಗೆ ಕೆಲವು ವರ್ಷ ಕಳೆದವು. ಅವರು ತೀರಿಕೊಂಡ ಮೇಲೆ ಅಂಗಡಿಯೂ ಮುಚ್ಚಿತು.

ಎರಡು ವರ್ಷ ಅವಳು ಮನೆಯಲ್ಲೇ ಇದ್ದಳು. ನಮ್ಮಿಬ್ಬರದು ಎದುರುಬದುರು ಬಾಗಿಲು. ಒಂದು ದಿನ ಬಂದು, ಗ್ರಂಥಾಲಯದ ಮಹಡಿಯ ಮೇಲೆ ಹೊಸಬರಿಗೆ ಫೋಟೋ ತೆಗೆಯುವುದನ್ನು ಕಲಿಸುತ್ತಾರಂತೆ, ಹೆಸರು ಕೊಟ್ಟು ಬಂದಿದ್ದೇನೆ ಎಂದಳು. ಈ ವಯಸ್ಸಿಗಾ ಎಂದು ಕೇಳಲು ಹೋದವಳು ಅವಳ ಮುಖ ನೋಡಿ ಸುಮ್ಮನಾದೆ. ಇಲ್ಲಿಂದ ಮುಂದಿನದನ್ನು ಅವಳೇ ನನಗೆ ಹೇಳಿದ್ದು, ಅದೂ ಒಂದೇ ಸಲಕ್ಕಲ್ಲ. ಅವಳು ಮಾತಾಡುವಾಗ ನಡುವೆ ಬಾಯಿ ಹಾಕಬಾರದು. ಬಾಯಿ ಹಾಕಿದರೆ ಎದ್ದು ಹೋಗಿ ತನ್ನ ಬಾಗಿಲು ಹಾಕಿಕೊಳ್ಳುತ್ತಾಳೆ.

ಮೊದಲ ದಿನವೇ ಎಡವಟ್ಟಾಯಿತು. ಕಲಿಸುವವರು ಇವಳಿಗಿಂತ ಇಪ್ಪತ್ತು ವರ್ಷ ಚಿಕ್ಕವರು, ಮೆದು ಮಾತಿನ ಮನುಷ್ಯ. ಒಬ್ಬೊಬ್ಬರೂ ತಾವು ಯಾರು, ಏಕೆ ಬಂದಿರಿ ಎಂದು ಹೇಳಿ ಎಂದರಂತೆ. ಇವಳ ಪಕ್ಕದಲ್ಲಿ ಕೂತಿದ್ದವನು ಮಾರ್ಕೆಟ್ಟಿನ ಹಿಂದಿನ ಬೀದಿಯ ಕಟಿಂಗ್ ಅಂಗಡಿಯವನು. ದಿನಕ್ಕೆ ಇಪ್ಪತ್ತು ಮುಖ ಕನ್ನಡಿಯಲ್ಲಿ ನೋಡುತ್ತೇನೆ, ಒಂದೂ ನನ್ನ ಹತ್ತಿರ ಉಳಿಯುವುದಿಲ್ಲ ಎಂದು ಹೇಳಿ ಎಲ್ಲರನ್ನೂ ನಗಿಸಿದನಂತೆ. ಆಮೇಲೆ ನಿಜವಾದ ಕಾರಣವನ್ನೂ ಹೇಳಿದ. ಎದುರುಗಡೆ ತಣ್ಣನೆ ಗಾಳಿ ಬೀಸುವ ದೊಡ್ಡ ಸಲೂನು ಬಂದು ಕೂತಿದೆ, ಗಿರಾಕಿಗಳು ಅತ್ತ ಸರಿಯುತ್ತಿದ್ದಾರೆ. ಅಂಗಡಿಯ ಮೂಲೆಯಲ್ಲಿ ಒಂದು ಬಿಳಿ ಬಟ್ಟೆ ಕಟ್ಟಿ, ಕಾರ್ಡಿಗೆ ಅರ್ಜಿಗೆ ಬೇಕಾಗುವ ಫೋಟೋ ತೆಗೆದುಕೊಟ್ಟರೆ ಅಂಗಡಿ ಉಳಿಯುತ್ತದೆ. ಗಡ್ಡ ತೆಗೆಸಿಕೊಂಡವನು ಎದ್ದು ಎರಡು ಹೆಜ್ಜೆ ಇಟ್ಟರೆ ಫೋಟೋವೂ ಆಯಿತು.

ಅವನಾದ ಮೇಲೆ ಇವಳ ಸರದಿ. “ಮೂವತ್ತೊಂದು ವರ್ಷ ಸ್ಟುಡಿಯೋದಲ್ಲಿದ್ದೆ” ಎಂದಳು. ಹಿಂದಿನ ಕೋಣೆಯಲ್ಲಿ ಎಂದು ಸೇರಿಸುವಷ್ಟರಲ್ಲಿ ಕಲಿಸುವವರು ಎದ್ದು ನಿಂತು, “ಹಾಗಾದ್ರೆ ನಾವೇ ನಿಮ್ಮ ಹತ್ರ ಕಲೀಬೇಕಲ್ಲ ಮೇಡಂ” ಎಂದುಬಿಟ್ಟರು. ಎಲ್ಲರೂ ಅವಳತ್ತ ತಿರುಗಿದರು. ಅಲ್ಲ ಎನ್ನಲು ಒಂದು ಗಳಿಗೆ ಸಾಕಿತ್ತು. ಆ ಗಳಿಗೆಯಲ್ಲಿ ನನ್ನ ತಂಗಿ ನಕ್ಕಳು. ಇಡೀ ಆಯುಷ್ಯದಲ್ಲಿ ಯಾರೂ ತನಗಾಗಿ ಎದ್ದು ನಿಂತಿರಲಿಲ್ಲ, ಅಲ್ಲ ಅನ್ನೋಕೆ ನಾಲಿಗೆ ಬರಲಿಲ್ಲ ಕಣೇ ಅಕ್ಕಾ, ಎಂದು ನನಗೆ ಹೇಳಿದಾಗ ಅವಳು ತನ್ನ ಕೈಬೆರಳುಗಳನ್ನೇ ನೋಡುತ್ತಿದ್ದಳು.

ಒಂದು ಸಲ ನಕ್ಕ ಮೇಲೆ ನಗುತ್ತಲೇ ಇರಬೇಕಾಯಿತು. ಎರಡನೆಯ ವಾರ ಕಲಿಸುವವರು ಮೊದಲ ಕ್ಯಾಮೆರಾ ಹೇಗಿರಬೇಕು ಎಂದು ವಿವರಿಸಿದರು. ಹೊಳಪಿಗೆ ಮರುಳಾಗಬೇಡಿ, ಹಳೆಯದಾದರೂ ಚಿಂತೆಯಿಲ್ಲ, ಬೆಳಕನ್ನೂ ವೇಗವನ್ನೂ ನಿಮ್ಮ ಕೈಯಿಂದಲೇ ಹೊಂದಿಸುವಂತಿರಬೇಕು, ಮೇಲಿನ ಚಕ್ರದಲ್ಲಿ ಎಂ ಅನ್ನುವ ಅಕ್ಷರ ಇದೆಯೇ ನೋಡಿಕೊಳ್ಳಿ, ಅದಿಲ್ಲದಿದ್ದರೆ ಇಲ್ಲಿ ಕಲಿಯಲಾಗುವುದಿಲ್ಲ ಎಂದರು. ಎಲ್ಲರೂ ಬರೆದುಕೊಂಡರು. ಇವಳು ಬರೆದುಕೊಳ್ಳಲಿಲ್ಲ. ಬಲ್ಲವರು ಬರೆದುಕೊಳ್ಳುತ್ತಾರೆಯೇ? ತಲೆಯಾಡಿಸುತ್ತ ಕೂತಳು, ಮನೆಗೆ ಬರುವಷ್ಟರಲ್ಲಿ ಅರ್ಧ ಮರೆತಿದ್ದಳು. ತನಗೆಂದು ಕೂಡಿಟ್ಟ ಹಣದಲ್ಲಿ ಕ್ಯಾಮೆರಾ ಕೊಳ್ಳುವುದನ್ನೂ ಮುಂದಕ್ಕೆ ಹಾಕಿದಳು. ಕೊಂಡರೆ ಎಲ್ಲರೆದುರು ಹಿಡಿಯಬೇಕು, ಹಿಡಿದರೆ ಬಣ್ಣ ಬಯಲಾಗುತ್ತದೆ.

ಆ ದಿನ ಕಟಿಂಗ್ ಅಂಗಡಿಯವನು ತರಗತಿಗೆ ಬಂದಿರಲಿಲ್ಲ. ಶನಿವಾರ ಸಂಜೆ, ಅಂಗಡಿಯಲ್ಲಿ ಗಿರಾಕಿ. ಮಾರನೆಯ ದಿನ ಮನೆ ಹುಡುಕಿಕೊಂಡು ಬಂದ. ನಾನೇ ಬಾಗಿಲು ತೋರಿಸಿದ್ದು. ತೆಳ್ಳಗಿನ ಆಳು, ಉಗುರುಗಳನ್ನು ಚೊಕ್ಕಟವಾಗಿ ಕತ್ತರಿಸಿಕೊಂಡಿದ್ದ. “ಅಕ್ಕಾ, ನೀವು ಬಂದು ಆರಿಸಿಕೊಡಿ. ನಿಮ್ಮ ಕಣ್ಣು ತಪ್ಪಲ್ಲ” ಎಂದು ಕೇಳಿಕೊಂಡ. ಹೊಸ ಕುರ್ಚಿ ತರೋಣವೆಂದು ಇಟ್ಟಿದ್ದ ಹಣವನ್ನು ಇದಕ್ಕೆ ಹಾಕುತ್ತಿದ್ದೇನೆ, ಹೆಂಡತಿ ಗೊಣಗುತ್ತಿದ್ದಾಳೆ ಎಂದೂ ಹೇಳಿದ. ಕಲಿಸುವವರನ್ನು ಕೇಳಪ್ಪ ಎಂದರೆ ಮುಗಿಯುತ್ತಿತ್ತು. ನನ್ನ ತಂಗಿ ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಅದು ಬಳಸಿದ ಕ್ಯಾಮೆರಾಗಳನ್ನು ಮಾರುವ ಅಂಗಡಿ. ಮಾರುವವನು ಎರಡನ್ನು ಮುಂದಿಟ್ಟ. ಒಂದು ಕರಿಯದು, ಭಾರದ್ದು, ಅಂಚಿನ ಬಣ್ಣವೆಲ್ಲ ತೇದುಹೋಗಿ ಕಬ್ಬಿಣ ಕಾಣುತ್ತಿತ್ತು. ಇನ್ನೊಂದು ಬೆಳ್ಳಿ ಬಣ್ಣದ್ದು, ಥಳಥಳ ಹೊಳೆಯುವಂಥದ್ದು. ತಂಗಿ ಚೀಲದಿಂದ ತನ್ನ ಹಳೆಯ ಭೂತಗನ್ನಡಿ ತೆಗೆದು, ಕರಿಯದರ ಗಾಜನ್ನು ಬೆಳಕಿಗೆ ಹಿಡಿದಳು. ಎರಡು ಧೂಳಿನ ಕಣ ಕಂಡವು. ಅವಳ ಕಸುಬಿನಲ್ಲಿ ನೆಗೆಟಿವ್ ಮೇಲೆ ಒಂದು ಕಣ ಕೂತರೆ ಎಷ್ಟು ಪ್ರಿಂಟ್ ಹಾಕಿದರೂ ಅಷ್ಟರಲ್ಲೂ ಆ ಚುಕ್ಕಿ ಬರುತ್ತದೆ. ಇದರಲ್ಲಿ ಕಸ ಇದೆ ಎಂದು ಬದಿಗಿಟ್ಟಳು. ಗಾಜಿನ ಮೇಲಿನ ಆ ಎರಡು ಕಣ ಫೋಟೋದಲ್ಲಿ ಕಾಣುವುದೇ ಇಲ್ಲವಂತೆ. ಅದು ಗೊತ್ತಾಗಿದ್ದು ಬಹಳ ದಿನದ ಮೇಲೆ.

ಮಾರುವವನು ಬೆಳ್ಳಿ ಬಣ್ಣದ್ದರಲ್ಲಿ ಕಟಿಂಗ್ ಅಂಗಡಿಯವನ ಮುಖ ಹಿಡಿದು ಹಿಂದಿನ ಪರದೆ ತೋರಿಸಿದ. ತಂಗಿ ಬೆರಗಾದಳು. ಅವನ ಕೆನ್ನೆಯ ಸಿಡುಬಿನ ಕುಳಿಗಳಿಲ್ಲ, ಕಣ್ಣಿನ ಕೆಳಗೆ ಕಪ್ಪಿಲ್ಲ. ಮೇಣದಂತೆ ನುಣುಪು. ತಾನು ಒಂದು ಮುಖಕ್ಕೆ ಅರ್ಧ ದಿನ ಕೂತು ಮಾಡುತ್ತಿದ್ದ ಕೆಲಸ ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಿಬಿಟ್ಟಿತಲ್ಲ! ಟಚಿಂಗ್ ಒಳಗೇ ಇದೆ, ಇದಕ್ಕಿಂತ ಒಳ್ಳೆಯದು ಸಿಗಲ್ಲ ಎಂದು ಎದೆ ತಟ್ಟಿ ಹೇಳಿದಳು. ಚಕ್ರದಲ್ಲಿ ಏನೋ ಅಕ್ಷರ ನೋಡಬೇಕಿತ್ತು ಎಂದು ಮನಸ್ಸಿನ ಮೂಲೆಯಲ್ಲಿ ಕುಟುಕಿತಂತೆ. ಯಾವ ಅಕ್ಷರವೆಂದು ನೆನಪಾಗಲಿಲ್ಲ, ಕೇಳಲು ಮಾನ ಅಡ್ಡ ಬಂತು. ಅವನು ಮರುಮಾತಿಲ್ಲದೆ ಕೊಂಡ. ದಾರಿಯಲ್ಲಿ ಅವಳಿಗೆ ಚಹಾ ಕೊಡಿಸಿದ.

ಮೊದಲ ಒಂದೆರಡು ದಿನ ಎಲ್ಲ ಚೆನ್ನಾಗಿತ್ತು. ಅವನು ಮೂಲೆಯಲ್ಲಿ ಬಿಳಿ ಬಟ್ಟೆ ಕಟ್ಟಿದ, ಬಾಗಿಲಿಗೆ ಬೋರ್ಡು ಬರೆಸಿದ. ಮೊದಲು ಕೂತವನು ಅವನ ಹಳೆಯ ಗಿರಾಕಿ, ಮುದಿ ಬಡಗಿ. ಆ ಬಡಗಿಯ ಗಲ್ಲದ ಮೇಲೆ ಉಳಿ ಜಾರಿ ಆದ ಉದ್ದನೆಯ ಗಾಯದ ಗುರುತು. ಇಪ್ಪತ್ತೈದು ವರ್ಷದಿಂದ ಅದನ್ನು ತಪ್ಪಿಸಿಕೊಂಡು ಕತ್ತಿ ಆಡಿಸಿದವನು ಇವನು. ಪಿಂಚಣಿಯ ಕಾರ್ಡಿಗೆಂದು ತೆಗೆದ, ಗುರುತೇ ಇಲ್ಲದ ಆ ಫೋಟೋ ನಾಲ್ಕೇ ದಿನಕ್ಕೆ ಕಚೇರಿಯಿಂದ ವಾಪಸು ಬಂತು. ಮುಖ ತಾಳೆಯಾಗುತ್ತಿಲ್ಲ ಎಂದಿದ್ದರು. ತುಂಬಿದ ಅಂಗಡಿಯಲ್ಲಿ ಬಡಗಿ ಅದನ್ನು ಕನ್ನಡಿಯ ಮುಂದೆ ಎಸೆದು, ಯಾವ ಮದುವೆಗಂಡಿನ ಫೋಟೋನಪ್ಪ ಇದು, ನನ್ನನ್ನು ನಾನೇ ಅಲ್ಲ ಅಂತ ಕಳಿಸಿದರು ಎಂದನಂತೆ. ಎಲ್ಲರೂ ನಕ್ಕರು. ಆಮೇಲೆ ಮೂಲೆಯ ಬಟ್ಟೆಯ ಮುಂದೆ ಕೂರುವವರಿಲ್ಲ.

ಮುಂದಿನ ತರಗತಿಗೆ ಅವನು ಆ ಫೋಟೋವನ್ನೂ ಕ್ಯಾಮೆರಾವನ್ನೂ ತಂದು ಮೇಜಿನ ಮೇಲಿಟ್ಟ. ಕಲಿಸುವವರು ಗುಂಡಿಗಳನ್ನೊತ್ತಿ, ಮುಖ ನುಣುಪು ಮಾಡುವ ಗುಣವನ್ನೇನೋ ನಿಲ್ಲಿಸಿದರು. ಆದರೆ ಕೈಯಿಂದ ಬೆಳಕು ಹೊಂದಿಸುವ ದಾರಿ ಅದರಲ್ಲಿ ಇರಲೇ ಇಲ್ಲ. ನಿಮ್ಮ ಅಂಗಡಿಯ ಮಬ್ಬು ಬೆಳಕಿಗೂ ಇದು ಸಾಲದು, ಇಲ್ಲಿ ಕಲಿಯಲೂ ಆಗದು ಎಂದರು. ಬಯ್ಯಲಿಲ್ಲ. ಬರೀ ಕೇಳಿದರು.

“ಇದನ್ನ ಯಾರು ಆರಿಸಿಕೊಟ್ರು?”

ನನ್ನ ತಂಗಿಯ ಕಿವಿ ಬಿಸಿಯಾಯಿತು. ಈಗ ಅವನು ತನ್ನತ್ತ ಕೈ ತೋರಿಸುತ್ತಾನೆ ಎಂದು ನೆಲ ನೋಡುತ್ತ ಕೂತಳು. ಅವನು, “ನಾನೇ ಸರ್. ಹೊಳಪು ನೋಡಿ ಮೋಸ ಹೋದೆ” ಎಂದ.

ಒಂದು ಸಲವೂ ಇವಳತ್ತ ನೋಡಲಿಲ್ಲವಂತೆ. ಇವಳು ತುಟಿ ಪಿಟಕ್ಕೆನ್ನಲಿಲ್ಲ. ಅಷ್ಟರ ಮೇಲೆ ಕಲಿಸುವವರು, “ಪಕ್ಕದಲ್ಲೇ ಮೇಡಂ ಇದ್ರಲ್ಲ, ಒಂದು ಮಾತು ಕೇಳಬಾರದಿತ್ತಾ?” ಎಂದರು. ಅದಕ್ಕೂ ಅವನು ತಲೆ ತಗ್ಗಿಸಿದ, ತನ್ನದೇ ತಪ್ಪೆಂಬಂತೆ. ಇವಳು ಆಗಲೂ ಬಾಯಿ ಬಿಡಲಿಲ್ಲ.

ಇದನ್ನು ನನಗೆ ಹೇಳುವಾಗ ಅವಳು ನನ್ನ ಕಡೆ ಬೆನ್ನು ಮಾಡಿ, ಆಗಲೇ ಮಡಚಿಟ್ಟ ಬಟ್ಟೆಗಳನ್ನು ಬಿಚ್ಚಿ ಮತ್ತೆ ಮಡಚುತ್ತಿದ್ದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಮ್ಮಮ್ಮ ಹೇಳುತ್ತಿದ್ದಳು. ನನ್ನ ತಂಗಿಯ ಮಾನ ಯಾರಿಗೂ ಕಾಣದಂತೆ ಹೋಗಿತ್ತು. ಕಂಡಿದ್ದು ಇಬ್ಬರಿಗೆ, ಅವಳಿಗೆ ಮತ್ತು ಅವನಿಗೆ. ಊರೆಲ್ಲ ಕಂಡಿದ್ದರೂ ಇಷ್ಟು ಸುಡುತ್ತಿರಲಿಲ್ಲ ಅಕ್ಕಾ ಎಂದಳು.

ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ನಾಲ್ಕನೆಯ ದಿನ ಬೆಳಗ್ಗೆ ಕಟಿಂಗ್ ಅಂಗಡಿಗೆ ಹೋದಳು. ಒಬ್ಬ ಗಿರಾಕಿ ಮುಖಕ್ಕೆಲ್ಲ ನೊರೆ ಹಚ್ಚಿಸಿಕೊಂಡು ಕೂತಿದ್ದ, ಇನ್ನೊಬ್ಬ ಬೆಂಚಿನ ಮೇಲೆ ಪೇಪರ್ ಹಿಡಿದಿದ್ದ. ಅವರು ಹೋಗಲಿ ಎಂದು ಕಾದರೆ ತಾನೂ ಹೋಗಿಬಿಡುತ್ತೇನೆಂಬ ಹೆದರಿಕೆ. ಬಾಗಿಲಲ್ಲೇ ನಿಂತು ಹೇಳಿದಳು.

“ನಾನು ಫೋಟೋ ತೆಗೆದವಳಲ್ಲಪ್ಪ. ಹಿಂದಿನ ಕೋಣೇಲಿ ಪೆನ್ಸಿಲ್ ಹಿಡಿದು ಟಚಿಂಗ್ ಮಾಡ್ತಿದ್ದೆ. ಕ್ಯಾಮೆರಾ ಮುಟ್ಟಿದವಳೇ ಅಲ್ಲ.”

ಅವನ ಕತ್ತಿ ಗಾಳಿಯಲ್ಲೇ ನಿಂತಿತು. ನೊರೆಯ ಮುಖದವನು ಕನ್ನಡಿಯಲ್ಲಿ ಇಬ್ಬರನ್ನೂ ನೋಡಿದ. ಕಟಿಂಗ್ ಅಂಗಡಿಯವನು ಆ ಕೆನ್ನೆ ಪೂರ್ತಿ ಮುಗಿಸಿ, ಕತ್ತಿ ಒರೆಸಿ, ಆಮೇಲೆ ಮಾತಾಡಿದ.

“ಮೂವತ್ತು ವರ್ಷ ಹೋಟೆಲಲ್ಲಿ ಲೋಟ ತೊಳೆದೋರು ಅಡುಗೆ ಭಟ್ಟರು ಅಂದಂಗಾಯ್ತು. ನಾನು ಊಟಕ್ಕೆ ಕೂತೆ.”

ಬೆಂಚಿನವನು ಪೇಪರಿನ ಹಿಂದೆ ಕಿಸಕ್ಕೆಂದ. ಅಷ್ಟು ಬೇಕಿತ್ತು ನನಗೆ ಎನ್ನುತ್ತಾಳೆ ತಂಗಿ. ತಾನು ಕೂಡಿಟ್ಟ ಹಣದ ಕವರನ್ನು ಕನ್ನಡಿಯ ಕೆಳಗಿನ ಹಲಗೆಯ ಮೇಲಿಟ್ಟು, ಆ ಬೆಳ್ಳಿ ಕ್ಯಾಮೆರಾ ನನಗೆ ಕೊಡು, ಆರಿಸಿದವಳು ನಾನು, ಇಟ್ಟುಕೊಳ್ಳಬೇಕಾದವಳೂ ನಾನೇ ಎಂದಳು. ಬೇಡ ಎಂದಾನು ಎಂದು ಒಳಗೊಳಗೇ ಆಸೆಯಿತ್ತಂತೆ. ಅವನು ಬೇಡ ಎನ್ನಲಿಲ್ಲ. ಕ್ಯಾಮೆರಾ ತಂದು ಅವಳ ಕೈಗಿಟ್ಟು, ಮುಂದಿನ ಗಿರಾಕಿಯನ್ನು ಕರೆದ. ಅವನ ಕುರ್ಚಿಯ ಹರಿದ ರೆಕ್ಸಿನ್ನಿಗೆ ಟೇಪು ಸುತ್ತಿದ್ದನ್ನು ಅವಳು ನೋಡಿದ್ದು ಆಗಲೇ.

ಇನ್ನೂ ಒಂದು ಕಡೆ ಹೇಳುವುದು ಬಾಕಿಯಿತ್ತು. ಆ ಶನಿವಾರ, ಪಾಠ ಶುರುವಾಗುವ ಮೊದಲು, ಅವಳು ಕೈಯೆತ್ತಿ ಎದ್ದು ನಿಂತಳು. ಮೇಜಿನ ಅಂಚು ಹಿಡಿದುಕೊಂಡಳು. ಇವರ ಕ್ಯಾಮೆರಾ ಆರಿಸಿದ್ದು ನಾನು, ನನಗೇ ಏನೂ ಬಾರದು, ನಿಮ್ಮ ಹತ್ತಿರ ಕಲಿಯೋಕೆ ಬಂದವಳು ಎಂದಳು. ಹಿಂದಿನ ಬೆಂಚಿನಲ್ಲಿ ಕೂತಿದ್ದ ನರ್ಸೊಬ್ಬಳು ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. ಕಲಿಸುವವರು ಕನ್ನಡಕ ಒರೆಸಿಕೊಂಡು, ಒಳ್ಳೇದು, ಕೂತ್ಕೊಳ್ಳಿ ಎಂದರು. ಅವತ್ತು ಮೇಡಂ ಎನ್ನಲಿಲ್ಲ.

ಆ ದಿನದ ಪಾಠ, ಕಿಟಕಿಯ ಬೆಳಕಿನಲ್ಲಿ ಒಬ್ಬರು ಇನ್ನೊಬ್ಬರ ಮುಖ ತೆಗೆಯುವುದು. ಎಲ್ಲರೂ ಜೋಡಿಯಾದರು. ಇವಳ ಜೊತೆಗೆ ಯಾರೂ ಬರಲಿಲ್ಲ. ಬೆಳ್ಳಿ ಕ್ಯಾಮೆರಾದಲ್ಲಿ ಆ ಪಾಠ ಮಾಡಲೂ ಆಗುವುದಿಲ್ಲ. ಗೋಡೆಗೆ ಒರಗಿ ನಿಂತಿದ್ದಳು. ಕಟಿಂಗ್ ಅಂಗಡಿಯವನು, ಇವಳು ಕೊಟ್ಟ ಹಣದಲ್ಲಿ ಕಲಿಸುವವರೇ ಜೊತೆಗೆ ಹೋಗಿ ಕೊಡಿಸಿದ ಹಳೆಯ ಕ್ಯಾಮೆರಾದ ಪಟ್ಟಿಯನ್ನು ಕುತ್ತಿಗೆಯಿಂದ ತೆಗೆದು, ಬಂದು ಅವಳ ಕೈಗೆ ಕೊಟ್ಟ. ಮುಖದಲ್ಲಿ ನಗುವಿರಲಿಲ್ಲ.

“ಹಾಗಲ್ಲ. ಎಡಗೈ ಕೆಳಗಿಡಿ. ಗುಂಡಿ ಇಲ್ಲಿದೆ” ಎಂದು ಎಲ್ಲರ ಮುಂದೆ ಬೆರಳಿಟ್ಟು ತೋರಿಸಿದ.

ಹೋಗಿ ಕಿಟಕಿಯ ಹತ್ತಿರ ಕೂತ. ಅವಳು ಒತ್ತಿದಳು. ಐವತ್ತೆಂಟು ವರ್ಷಕ್ಕೆ ಮೊದಲ ಫೋಟೋ. ಅವನು ಬಂದು ನೋಡಿದ. ಗಲ್ಲ, ಅಂಗಿಯ ಕಾಲರು, ಎರಡು ಗುಂಡಿ, ಎಲ್ಲ ಸ್ಪಷ್ಟವಾಗಿ ಬಂದಿತ್ತು. ಹುಬ್ಬಿನಿಂದ ಮೇಲಕ್ಕೆ ಏನೂ ಇರಲಿಲ್ಲ.

“ನಾನು ಇಷ್ಟು ಕತ್ತರಿಸಿದ್ರೆ ಜನ ಅಂಗಡಿಗೆ ಬೆಂಕಿ ಹಚ್ತಾರೆ” ಎಂದ.

ತರಗತಿಯೆಲ್ಲ ನಕ್ಕಿತು. ಅವಳ ಮುಖ ಕೆಂಪಾಗಿ, ಕ್ಯಾಮೆರಾ ವಾಪಸು ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ. ಮತ್ತೆ ಹೋಗಿ ಕಿಟಕಿಯ ಹತ್ತಿರ ಕೂತು, ಕತ್ತು ನೆಟ್ಟಗೆ ಮಾಡಿಕೊಂಡ. ಎರಡನೆಯದರಲ್ಲಿ ತಲೆ ಬಂತು, ಒಂದು ಕಿವಿ ಹೋಯಿತು. ಮೂರನೆಯದು ಅಲುಗಿತು. ಹೊರಗೆ ಬೆಳಕು ಇಳಿಯುವವರೆಗೆ ಅವನು ಹಾಗೇ ಕೂತಿದ್ದ, ಕೆನ್ನೆಯ ಕುಳಿಗಳನ್ನೆಲ್ಲ ಕಿಟಕಿಗೆ ಒಡ್ಡಿ. ಅವಳು ಒತ್ತುತ್ತಲೇ ಇದ್ದಳು.