ಅಕ್ಕನ ಕೈ ಮುಟ್ಟದವರು

ಅಕ್ಕನ ಬೆರಳು ಸುಡುತ್ತಿರುವುದು ಅವಳಿಗಿಂತ ಮೊದಲು ನನಗೆ ಗೊತ್ತಾಯಿತು. ಚಳ್ಳಕೆರೆಯ ನಮ್ಮ ಮನೆಗೆ ಬಂದಿದ್ದವಳು ಬೆಳಿಗ್ಗೆ ನನಗಿಂತ ಮುಂಚೆ ಎದ್ದು ರೊಟ್ಟಿ ಬಡಿಯುತ್ತಿದ್ದಳು. ಪಾಠ ಮಾಡಲು ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ನಾನು ಅಡುಗೆಮನೆಗೆ ಕಾಲಿಟ್ಟರೆ, ಅವಳ ಎಡಗೈಯ ಕಿರುಬೆರಳು ಕಾದ ಹಂಚಿಗೆ ತಾಗಿಕೊಂಡೇ ಇತ್ತು. ಅವಳು ಆರಾಮಾಗಿ ಭಾವನ ಹೊಸ ಮಗ್ಗದ ಸುದ್ದಿ ಹೇಳುತ್ತಿದ್ದಳು.

"ಅಕ್ಕ, ಕೈ ತೆಗಿ. ಸುಡ್ತಾ ಐತೆ."

ತೆಗೆದು ನೋಡಿಕೊಂಡಳು. ಬೆರಳಿನ ಪಕ್ಕ ಬೆಳ್ಳಗೆ ಬೊಬ್ಬೆ ಎದ್ದಿತ್ತು. "ಗೊತ್ತೇ ಆಗ್ಲಿಲ್ಲ ನೋಡು," ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಅಕ್ಕ ಮದುವೆಯಾಗಿ ಮೊಳಕಾಲ್ಮೂರಿಗೆ ಹೋದಾಗಿನಿಂದ ರೇಷ್ಮೆ ಸೀರೆ ನೇಯುವವಳು. ಭಾವ ಮಗ್ಗದಲ್ಲಿ ಕೂತರೆ ಇವಳು ಪಕ್ಕದಲ್ಲಿ. ಭಾವ ಎದ್ದರೆ ಇವಳೇ ಮಗ್ಗದಲ್ಲಿ. ಕಡಿದ ಎಳೆ ಹುಡುಕಿ ಗಂಟು ಹಾಕುವುದು ಅವಳ ಕೆಲಸ. ಈಚೆಗೆ ಗಂಟು ಜಾರುತ್ತದೆ, ಎಡಗೈ ಜೋಮು ಹಿಡಿದ ಹಾಗೆ ಇರುತ್ತದೆ ಎಂದು ಫೋನಿನಲ್ಲಿ ಒಂದೆರಡು ಸಲ ಹೇಳಿದ್ದಳು. ವಯಸ್ಸಾಯಿತು ಎಂದು ತಾನೇ ಅದಕ್ಕೆ ಕಾರಣವನ್ನೂ ಕೊಟ್ಟಿದ್ದಳು.

ಬೊಬ್ಬೆಗೆ ಮುಲಾಮು ಹಚ್ಚುವಾಗ ಅವಳ ಮೊಣಕೈ ಕೆಳಗೆ ಅಂಗೈ ಅಗಲದ ಬಿಳಿಚಿದ ಮಚ್ಚೆ ಕಂಡಿತು.

"ಇದೇನಕ್ಕ?"

"ಅದಾ? ಚಿಬ್ಬು. ಮಿಷನ್ನೇ ಹೇಳೈತೆ."

ಆಗಲೇ ನನಗೆ ಆ ಶಿಬಿರದ ಕತೆ ತಿಳಿದದ್ದು. ಬೆಂಗಳೂರಿನ ಯಾವುದೋ ಸಂಸ್ಥೆಯವರು ಮೊಳಕಾಲ್ಮೂರಿನ ಸಮುದಾಯ ಭವನದಲ್ಲಿ ಚರ್ಮರೋಗ ತಪಾಸಣೆ ಎಂದು ಬ್ಯಾನರ್ ಕಟ್ಟಿದ್ದರಂತೆ. ಫೋನಿನಲ್ಲಿ ಮಚ್ಚೆಯ ಫೋಟೊ ತೆಗೆದರೆ ಸಾಕು, ಒಂದು ಗಳಿಗೆಯಲ್ಲಿ ರೋಗದ ಹೆಸರು ಪರದೆಯ ಮೇಲೆ ಬರುತ್ತಿತ್ತಂತೆ. ಅಕ್ಕನ ಸರದಿ ಬಂದಾಗ ಚಿಬ್ಬು, ಅಪಾಯವಿಲ್ಲ ಎಂದು ಬಂತು. ಒಂದು ಟ್ಯೂಬ್ ಮುಲಾಮು ಕೊಟ್ಟರು. ಅದು ಮುಗಿದ ಮೇಲೆ ಅಂಗಡಿಯಿಂದ ಇನ್ನೊಂದು, ಮತ್ತೊಂದು ತಂದು ಹಚ್ಚಿಕೊಂಡಿದ್ದಳು. ಮಚ್ಚೆ ಹೋಗಿರಲಿಲ್ಲ. ಆದರೆ ಯಂತ್ರ ಹೇಳಿದೆಯಲ್ಲ ಎಂಬ ನೆಮ್ಮದಿಯಲ್ಲಿ ಬೇರೆ ಯಾರಿಗೂ ತೋರಿಸಿರಲಿಲ್ಲ.

"ಡಾಕ್ಟ್ರು ಇರ್ಲಿಲ್ವಾ ಅಲ್ಲಿ?"

"ಡಾಕ್ಟ್ರಿಗಿಂತ ಇದಕ್ಕೇ ಜಾಸ್ತಿ ಗೊತ್ತು ಅಂದ್ರು ಕಣೇ. ಲಕ್ಷಗಟ್ಲೆ ಮಂದಿ ಚರ್ಮ ನೋಡಿ ಕಲ್ತೈತಂತೆ."

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಯಂತ್ರ ಕಲಿಯುತ್ತದೆ ಎಂದರೆ ಮೂಗು ಮುರಿಯುವ ಜಾತಿ ನನ್ನದಲ್ಲ. ಕುದಾಪುರದ ಕಡೆ ಬಸ್ಸು ಹೋಗುವಾಗ ವಿಜ್ಞಾನ ಸಂಸ್ಥೆಗಳ ಆ ಉದ್ದನೆಯ ಗೋಡೆಗಳ ಹಿಂದೆ ಏನೇನು ನಡೆಯುತ್ತದೆ ಎಂದು ನನ್ನ ತರಗತಿಯ ಮಕ್ಕಳಿಗಿಂತ ಹೆಚ್ಚು ಕುತೂಹಲದಿಂದ ಕತ್ತು ಚಾಚುವವಳು ನಾನೇ. ಎಕ್ಸ್‌ರೇಯಲ್ಲಿ ಕಣ್ಣಿಗೆ ತಪ್ಪಿದ್ದನ್ನು ಹಿಡಿಯುವ, ಕಣ್ಣಿನ ಒಳಪರದೆ ನೋಡಿ ಸಕ್ಕರೆ ಕಾಯಿಲೆಯ ಹಾನಿಯನ್ನು ಗುರುತಿಸುವ ತಂತ್ರಾಂಶಗಳ ಬಗ್ಗೆ ತರಗತಿಯಲ್ಲಿ ಹೇಳಿದ್ದೇನೆ. ಅದರಿಂದಲೇ ನನ್ನ ಸಿಟ್ಟು ಇನ್ನೂ ಆರಿಲ್ಲ. ಗೊತ್ತಿಲ್ಲದವರು ಮಾಡಿದ ತಪ್ಪಾಗಿದ್ದರೆ ಬೈದು ಮರೆಯಬಹುದಿತ್ತು.

ಅವತ್ತು ರಜೆ ಹಾಕಿ ಅಕ್ಕನನ್ನು ಚಳ್ಳಕೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ಚರ್ಮದ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಮಚ್ಚೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದರು.

"ಕಣ್ಣು ಮುಚ್ಕೊಳ್ಳಿ ಅಮ್ಮ. ನಾನು ಎಲ್ಲಿ ಮುಟ್ತೀನೋ ಅಲ್ಲಿ ಬೆರಳಿಟ್ಟು ತೋರಿಸಿ."

ಅಕ್ಕ ಕಣ್ಣು ಮುಚ್ಚಿದಳು. ಪೆನ್ನಿನ ತುದಿ ತೋಳಿಗೆ ತಾಗಿತು. ಅಕ್ಕನ ಬಲಗೈ ಸರಿಯಾಗಿ ಅಲ್ಲಿಗೇ ಹೋಯಿತು. ಮಣಿಕಟ್ಟಿನ ಹೆಬ್ಬೆರಳ ಬದಿಗೆ ತಾಗಿತು, ಅಲ್ಲಿಗೂ ಹೋಯಿತು. ಆಮೇಲೆ ಡಾಕ್ಟರು ಮಚ್ಚೆಯ ಮೇಲೆ ಮುಟ್ಟಿದರು. ಇನ್ನೊಮ್ಮೆ ಮುಟ್ಟಿದರು. ಕಿರುಬೆರಳಿಗೆ ಮುಟ್ಟಿದರು. ಅಕ್ಕ ಕಣ್ಣು ಮುಚ್ಚಿಕೊಂಡು, ಬಲಗೈ ಸಿದ್ಧವಾಗಿ ಇಟ್ಟುಕೊಂಡು ಕಾಯುತ್ತಲೇ ಇದ್ದಳು.

"ಮುಟ್ರಿ ಮೇಡಂ," ಎಂದಳು.

ಪೆನ್ನು ಅವಳ ಬೆರಳಿನ ಮೇಲೇ ಇತ್ತು. ನಾನು ಗೋಡೆ ಕಡೆ ತಿರುಗಿಕೊಂಡೆ.

ಡಾಕ್ಟರು ಮೊಣಕೈಯ ಹಿಂದೆ ಬೆರಳಾಡಿಸಿ ನರವನ್ನು ಹುಡುಕಿದರು. ನನಗೂ ಮುಟ್ಟಿ ನೋಡಲು ಹೇಳಿದರು. ಹಗ್ಗದಂತೆ ದಪ್ಪಗಾಗಿತ್ತು. ಆಮೇಲೆ ಕುರ್ಚಿಯನ್ನು ಅಕ್ಕನ ಹತ್ತಿರಕ್ಕೆ ಎಳೆದುಕೊಂಡು, "ಇದು ಕುಷ್ಠ ಅಮ್ಮ. ಹೆದರಬೇಡಿ, ಪೂರ್ತಿ ವಾಸಿಯಾಗುತ್ತೆ. ಮಾತ್ರೆ ಇಲ್ಲೇ ಸಿಗುತ್ತೆ. ಮಾತ್ರೆ ಶುರು ಮಾಡಿದ ಮೇಲೆ ನಿಮ್ಮಿಂದ ಯಾರಿಗೂ ಹರಡಲ್ಲ. ಆದ್ರೆ ಕೈಯ ನರಕ್ಕೆ ಪೆಟ್ಟು ಬಿದ್ದಿದೆ. ಅದನ್ನ ಉಳಿಸೋಕೆ ಪ್ರಯತ್ನ ಮಾಡೋಣ. ಸ್ವಲ್ಪ ಮುಂಚೆ ಬಂದಿದ್ರೆ ಚೆನ್ನಾಗಿತ್ತು," ಎಂದರು.

"ಮುಂಚೆ ತೋರಿಸಿದ್ದೆ," ಎಂದಳು ಅಕ್ಕ.

ಮನೆಗೆ ಬಂದು ನಾನು ಕಾಫಿ ಕೊಟ್ಟರೆ, ಕುಡಿದ ಲೋಟವನ್ನು ತಾನೇ ತೊಳೆದು ಹಿತ್ತಲ ಕಟ್ಟೆಯ ಮೇಲೆ ಬೇರೆಯಾಗಿ ಇಟ್ಟಳು. ನಾನು ಅದನ್ನು ತಂದು ಉಳಿದ ಲೋಟಗಳ ಜೊತೆ ಸೇರಿಸಿದೆ. ಅವಳು ಮತ್ತೆ ತೆಗೆದು ಕಟ್ಟೆಯ ಮೇಲೇ ಇಟ್ಟಳು. ಸಂಜೆ ಮೊಳಕಾಲ್ಮೂರಿನಿಂದ ಭಾವ ಬಂದರು. ಎಲ್ಲ ಕೇಳಿಸಿಕೊಂಡು, "ಸರಿ, ಮಾತ್ರೆ ಎಲ್ಲೈತೆ, ನಾನೇ ಇಟ್ಕಂತೀನಿ. ನೀನು ಮರೀತೀಯಾ," ಎಂದು ಅಕ್ಕನಿಗೆ ಹೇಳಿದರು. ಹಿತ್ತಲಲ್ಲಿದ್ದ ಅದೇ ಲೋಟದಲ್ಲಿ ನೀರು ಕುಡಿದರು. ನನಗೆ ಭಾವನ ಮೇಲೆ ಅಷ್ಟು ಗೌರವ ಅದಕ್ಕೆ ಮುಂಚೆ ಇರಲಿಲ್ಲ.

ಮಾತ್ರೆಗಳು ರೋಗವನ್ನು ನಿಲ್ಲಿಸಿದವು. ನರವನ್ನು ಪೂರ್ತಿ ಉಳಿಸಲಾಗಲಿಲ್ಲ. ಎಡಗೈಯ ಕೊನೆಯ ಎರಡು ಬೆರಳು ಮೆಲ್ಲಗೆ ಕೊಕ್ಕೆಯ ಹಾಗೆ ಬಾಗಿಕೊಂಡವು. ಅಕ್ಕ ಬೀದಿಗೆ ಬಂದರೆ ಸೆರಗಿನೊಳಗೆ ಕೈ ಅಡಗಿಸಿಕೊಳ್ಳುವುದು ಕಲಿತಳು.

ಅಷ್ಟರಲ್ಲಿ ಅದೇ ಸಂಸ್ಥೆಯವರು ಅದೇ ಸಮುದಾಯ ಭವನಕ್ಕೆ ಮತ್ತೆ ಬರುತ್ತಾರೆ ಎಂದು ಭಾವ ಫೋನು ಮಾಡಿದರು. ನಾನು ಬಸ್ಸು ಹತ್ತಿ ಅವರ ಮನೆಗೆ ಹೋದೆ. ಅಕ್ಕ ಬರುವುದಿಲ್ಲ ಎಂದವಳು, ನಾನು ಭವನಕ್ಕೆಂದು ಹೊಸಿಲು ದಾಟುವಾಗ ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಬಂದಳು.

ಶಿಬಿರದ ಮುಖ್ಯಸ್ಥ ಸಂಭಾವಿತ ಮನುಷ್ಯ. ಕುರ್ಚಿ ಹಾಕಿಸಿದರು. ಎಲ್ಲ ಕೇಳಿದ ಮೇಲೆ, "ಮೇಡಂ, ನಾವು ಮಾಡೋದು ರೋಗನಿರ್ಣಯ ಅಲ್ಲ, ಸಂಶೋಧನೆ," ಎಂದರು.

"ಹೊರಗೆ ಬ್ಯಾನರಿನಲ್ಲಿ ತಪಾಸಣೆ ಅಂತ ಬರೆದಿದೆ."

"ಜನಕ್ಕೆ ಅರ್ಥ ಆಗ್ಲಿ ಅಂತ ಹಾಗೆ."

"ಜನಕ್ಕೆ ಅರ್ಥ ಆಗಿದೆ. ತಪಾಸಣೆ ಆಯ್ತು, ಏನೂ ಇಲ್ಲ ಅಂತ ಅರ್ಥ ಆಗಿದೆ. ಅದಕ್ಕೇ ನಮ್ಮಕ್ಕ ಡಾಕ್ಟರ ಹತ್ರ ಹೋಗಲಿಲ್ಲ."

ಅವರು ತಲೆಯಾಡಿಸಿದರು. ನನ್ನ ಸ್ವರ ಜೋರಾಗಿದ್ದರಿಂದ ಸಾಲಿನಲ್ಲಿದ್ದವರು ಇತ್ತ ತಿರುಗಿದ್ದರು. ನಾನು ಸ್ವರ ತಗ್ಗಿಸಿ ಕೇಳಬೇಕಾದ್ದನ್ನು ಕೇಳಿದೆ. ಹೋದ ಸಲ ಇಲ್ಲಿ ಚಿಬ್ಬು ಎನ್ನಿಸಿಕೊಂಡು ಹೋದವರು ಇನ್ನೆಷ್ಟು ಜನ ಇದ್ದಾರೆ, ಅವರನ್ನು ವಾಪಸ್ ಕರೆಸಿ ಒಬ್ಬ ಡಾಕ್ಟರಿಂದ ನೋಡಿಸಿ ಎಂದೆ.

"ಅದು ಸಾಧ್ಯ ಇಲ್ಲ ಮೇಡಂ. ಯಾರ ಹೆಸರು, ಫೋನ್ ನಂಬರ್ ಯಾವುದನ್ನೂ ನಾವು ಇಟ್ಟುಕೊಂಡಿಲ್ಲ. ಎಲ್ಲ ಅಳಿಸಿದೀವಿ. ಜನರ ಗೋಪ್ಯತೆ ಮುಖ್ಯ ಅಲ್ವಾ?"

"ಫೋಟೊ?"

"ಫೋಟೊ ಇವೆ."

ಚರ್ಮ ಬೇಕಿತ್ತು, ಇಟ್ಟುಕೊಂಡರು. ಮನುಷ್ಯರು ಬೇಕಿರಲಿಲ್ಲ. ಇದಕ್ಕೆ ಗೋಪ್ಯತೆ ಎಂಬ ಗೌರವದ ಮಾತೂ ಅವರಿಗೆ ಸಿಕ್ಕಿತ್ತು. ನಾನು ಎದ್ದು ನಿಂತೆ. ಆಗ ಅವರು ಅಕ್ಕನ ಕಡೆ ತಿರುಗಿ, ಬಹಳ ವಿನಯದಿಂದಲೇ, "ಅಮ್ಮ, ನಿಮ್ಮ ಕೈಯ ಫೋಟೊ ಇನ್ನೊಂದು ಸಲ ಕೊಡ್ತೀರಾ? ತಂತ್ರಾಂಶ ಎಲ್ಲಿ ತಪ್ಪುತ್ತೋ ಅಲ್ಲಿಂದಲೇ ಅದು ಕಲಿಯೋದು. ನಿಮ್ಮಂಥ ಕೇಸು ನಮಗೆ ತುಂಬ ಬೆಲೆಯುಳ್ಳದ್ದು," ಎಂದರು.

ಅಕ್ಕ ಸೆರಗನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಳು. "ಬ್ಯಾಡ್ರಿ," ಎಂದಳು. ಹೊರಗೆ ಬಂದ ಮೇಲೆ, ಸ್ವಲ್ಪ ದೂರ ನಡೆದು, "ಅವತ್ತು ಅವ್ರಲ್ಲಿ ಒಬ್ರೂ ನನ್ನ ಕೈ ಹಿಡ್ದು ನೋಡ್ಲಿಲ್ಲ ಕಣೇ. ಫೋನ್ ಹಿಡ್ದು ನೋಡಿದ್ರು," ಎಂದಳು.

ಆ ಮನುಷ್ಯ ಸುಳ್ಳು ಹೇಳಿರಲಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಯಂತ್ರ ತಪ್ಪಿನಿಂದ ಕಲಿಯುವುದು ನಿಜ. ಮುಂದೊಂದು ದಿನ ಅದು ಎಷ್ಟೋ ಜನರ ಬೆರಳು ಉಳಿಸಬಹುದು. ಆದರೆ ಆ ತಪ್ಪಿನ ಭಾರ ಹೊರಬೇಕಾದವಳು ಮೊಳಕಾಲ್ಮೂರಿನ ನೇಕಾರ ಹೆಂಗಸು ಎಂದು ತೀರ್ಮಾನಿಸಿದವರು ಯಾರು? ಅಕ್ಕನನ್ನು ಕೇಳಿದವರು ಯಾರು? ಸ್ಪರ್ಶ ಸತ್ತಿರುವುದು ಫೋಟೊದಲ್ಲಿ ಕಾಣುವುದಿಲ್ಲ ಎನ್ನುವುದು ವೈದ್ಯಕೀಯದ ಪಾಠಗಳಲ್ಲೇ ಇರುವ ವಿಷಯ. ಮೇಜಿನ ಪಕ್ಕದಲ್ಲಿ ಮಚ್ಚೆಗೆ ತಾಗಿಸಿ ನೋಡಲು ಒಂದು ಚೂರು ಹತ್ತಿ ಇಟ್ಟುಕೊಂಡು ಒಬ್ಬ ನರ್ಸು ಕೂತಿದ್ದರೆ ಸಾಕಾಗಿತ್ತು.

ಹೆಸರುಗಳನ್ನು ಅವರು ಅಳಿಸಿದ್ದರು, ಊರನ್ನು ಅಳಿಸಲಾಗುವುದಿಲ್ಲವಲ್ಲ. ಮೊಳಕಾಲ್ಮೂರಿನ ಒಬ್ಬ ಆಶಾ ಕಾರ್ಯಕರ್ತೆಯನ್ನು ಕಂಡು ಮಾತಾಡಿದೆ. ಭಾನುವಾರಗಳಂದು ಇಬ್ಬರೂ ಮನೆಮನೆಗೆ ಹೋದೆವು. ಶಿಬಿರಕ್ಕೆ ಹೋಗಿದ್ದಿರಾ, ಮಚ್ಚೆ ಇನ್ನೂ ಇದೆಯಾ, ಒಂದು ಸಲ ಮುಟ್ಟಿ ನೋಡಲಾ ಎಂದು ಕೇಳುವುದು. ಕೆಲವರು ಕೂರಿಸಿ ತೋರಿಸಿದರು. ಹೆಚ್ಚಿನವರಿಗೆ ಮಚ್ಚೆಯ ಮೇಲೆ ಸ್ಪರ್ಶ ಸರಿಯಾಗಿತ್ತು, ಅವರದು ನಿಜವಾಗಿಯೂ ಚಿಬ್ಬೇ. ಇನ್ನು ಕೆಲವರು ರೋಗದ ಹೆಸರು ಕೇಳುತ್ತಲೇ ಬಾಗಿಲು ಹಾಕಿಕೊಂಡರು.

ಜಟಿಂಗ ರಾಮೇಶ್ವರ ಬೆಟ್ಟದ ಕಡೆಯ ಒಂದು ಕುರಿಗಾಹಿಗಳ ಹಟ್ಟಿಯಲ್ಲಿ ಒಬ್ಬ ಸೊಸೆಯ ಬೆನ್ನ ಮೇಲೆ ಕೆಂಪು ಮಚ್ಚೆ ಇದೆ, ಆಕೆಯೂ ಶಿಬಿರದ ಮುಲಾಮನ್ನೇ ಹಚ್ಚುತ್ತಿದ್ದಾಳೆ ಎಂದು ತಿಳಿಯಿತು. ಅತ್ತೆ ಅಂಗಳದಲ್ಲೇ ತಡೆದರು. "ಮಾ ಇಂಟ್ಲೋ ಏಮೀ ಲೇದಮ್ಮಾ. ನಮ್ ಮನ್ಯಾಗೆ ಅಂಥದ್ದೇನೂ ಇಲ್ಲ, ಹೋಗ್ರಿ," ಎಂದು ತೆಲುಗಿನಲ್ಲೂ ಕನ್ನಡದಲ್ಲೂ ಹೇಳಿ ಕಳಿಸಿದರು.

ಅದನ್ನು ನಾನು ಅಕ್ಕನ ಮುಂದೆ ಬೇಸರದಿಂದ ಹೇಳಿಕೊಂಡೆ. ಅವಳು ಮಗ್ಗದ ಲಾಳಿ ಪಕ್ಕಕ್ಕಿಟ್ಟು, "ಮುಂದಿನ ವಾರ ನಾನೂ ಬರ್ತೀನಿ," ಎಂದಳು.

ಅವಳು ಬಂದಳು. ಅಂಗಳದ ಕಲ್ಲಿನ ಮೇಲೆ ಕೂತಳು. ಆ ಅತ್ತೆ ಮತ್ತೆ ಅದೇ ಮಾತು ಶುರು ಮಾಡಿದಾಗ ಅಕ್ಕ ಸೆರಗಿನೊಳಗಿಂದ ಎಡಗೈ ತೆಗೆದು ತೊಡೆಯ ಮೇಲೆ ಇಟ್ಟಳು. ಕೊಕ್ಕೆಯಾದ ಬೆರಳುಗಳನ್ನು ಆ ಮುದುಕಿ ತುಂಬ ಹೊತ್ತು ನೋಡಿದರು.

"ನಂದೂ ಚಿಬ್ಬು ಅಂದಿದ್ರು ಯಜಮಾನ್ತಿ," ಎಂದಳು ಅಕ್ಕ. "ನಾನು ನಂಬ್ಕಂಡು ಕೂತೆ. ನಿಮ್ ಸೊಸೆ ಕೂರಬಾರ್ದು."

ಮುದುಕಿ ಒಳಗೆ ಹೋಗಿ ಸೊಸೆಯನ್ನು ಕರೆತಂದರು. ಮಾರನೆಯ ದಿನವೇ ಆಶಾ ಕಾರ್ಯಕರ್ತೆ ಆಕೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅದೇ ರೋಗ. ಆದರೆ ನರಕ್ಕೆ ಇನ್ನೂ ಇಳಿದಿರಲಿಲ್ಲ. ಮಾತ್ರೆ ಮುಗಿಸಿದಳು, ಕೈಕಾಲು ನೆಟ್ಟಗಿವೆ, ಕುರಿಮಂದೆಯ ಹಿಂದೆ ಓಡಾಡಿಕೊಂಡಿದ್ದಾಳೆ.

ಅಕ್ಕನ ಮಾತ್ರೆಗಳೂ ಮುಗಿದು, ಡಾಕ್ಟರು ಹೇಳಿದಷ್ಟು ಕಾಲ ಕಾದ ಮೇಲೆ, ದೂರದ ಒಂದು ಆಸ್ಪತ್ರೆಯಲ್ಲಿ ಕೈಗೆ ಶಸ್ತ್ರಚಿಕಿತ್ಸೆಯಾಯಿತು. ಪ್ರತಿ ಬೆರಳನ್ನೂ ಮಡಿಸಲು ಎರಡೆರಡು ಸ್ನಾಯುದಾರಗಳಿರುತ್ತವಂತೆ. ನಡುಬೆರಳಿನ ಒಂದನ್ನು ಬಿಡಿಸಿ, ಸೀಳಿ, ಬಾಗಿದ ಬೆರಳುಗಳಿಗೆ ಜೋಡಿಸಿದರು. ಮಾಡುವ ಮುಂಚೆ ಆ ಸರ್ಜನ್ ಅಕ್ಕನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು, ಯಾವ ದಾರ ಎಲ್ಲಿಂದ ಎಲ್ಲಿಗೆ ಎಂದು ಪೆನ್ನಿನಿಂದ ಚರ್ಮದ ಮೇಲೇ ಬರೆದು ತೋರಿಸಿದರು. "ಬೆರಳು ನೆಟ್ಟಗಾಗುತ್ತೆ. ಸ್ಪರ್ಶ ಬರಲ್ಲ. ಅದನ್ನ ನಾನು ಸುಳ್ಳು ಹೇಳಲ್ಲ," ಎಂದರು. ಅಷ್ಟು ನೇರವಾಗಿ ಹೇಳಿದ್ದಕ್ಕೆ ಅಕ್ಕ ಅವರನ್ನು ಈಗಲೂ ನೆನೆಯುತ್ತಾಳೆ.

ಬೆರಳು ನೆಟ್ಟಗಾದವು. ತಿಂಗಳುಗಟ್ಟಲೆ ಅಕ್ಕ ಬಟ್ಟಲಲ್ಲಿ ಕಡಲೆಕಾಳು ಹಾಕಿಕೊಂಡು ಒಂದೊಂದೇ ಹೆಕ್ಕಿ ಅಭ್ಯಾಸ ಮಾಡಿದಳು. ಈಗ ಸೀರೆಯ ಒಡಲು ನೇಯುತ್ತಾಳೆ. ಜರಿಯ ಅಂಚು ಬಂದಾಗ ಭಾವ ಬಂದು ಕೂರುತ್ತಾರೆ. ಎಳೆ ಕಡಿದರೆ ಕಣ್ಣಿಟ್ಟು ನೋಡಿ ಗಂಟು ಹಾಕುತ್ತಾಳೆ, ಬೆರಳಿಗೆ ತಿಳಿಯುವುದಿಲ್ಲ. ಹಂಚಿನ ಮುಂದೆ ಅವಳು ಕೂರುವುದಕ್ಕೆ ಭಾವ ಬಿಡುವುದಿಲ್ಲ.

ಸಂಸ್ಥೆಗೆ ನಾನು ಬರೆದಿದ್ದಕ್ಕೆ ಬಹಳ ದಿನದ ಮೇಲೆ ಉತ್ತರ ಬಂತು. ಕಾಳಜಿಗೆ ಧನ್ಯವಾದ, ಮುಂದಿನ ಆವೃತ್ತಿಯಲ್ಲಿ ವೈದ್ಯರನ್ನು ಕಾಣಿರಿ ಎಂಬ ಸೂಚನೆ ಸೇರಿಸಲಾಗುವುದು ಎಂದಿತ್ತು. ಅಕ್ಕನ ಕೈ ಹೇಗಿದೆ ಎಂದು ಕೇಳಿರಲಿಲ್ಲ.

ಇತ್ತೀಚೆಗೆ ನಾಯಕನಹಟ್ಟಿಯಲ್ಲಿ ಅಂಥದೇ ಇನ್ನೊಂದು ಶಿಬಿರ ಎಂದು ಗೊತ್ತಾಗಿ ಹೋಗಿದ್ದೆ. ಈ ಸಲ ಮೇಜಿನ ಪಕ್ಕ ಒಬ್ಬ ನರ್ಸು ಹತ್ತಿ ಹಿಡಿದು ಕೂತಿದ್ದರು. ಅಷ್ಟಾದರೂ ಆಯಿತಲ್ಲ ಎಂದುಕೊಂಡೆ. ಊಟದ ಹೊತ್ತಿಗೆ ಅವರು ಎದ್ದು ಹೋದರು, ಮತ್ತೆ ಬರಲಿಲ್ಲ. ಸಾಲು ಮಾತ್ರ ಮುಂದುವರಿಯಿತು. ನಾನು ಹೋಗಿ ಕೇಳಿದರೆ, "ಅವರ ಡ್ಯೂಟಿ ಮಧ್ಯಾಹ್ನದವರೆಗೆ ಮಾತ್ರ ಮೇಡಂ. ಫೋಟೊಗೆ ತೊಂದರೆ ಇಲ್ಲ," ಎಂದರು.

ನಾನು ಸಾಲಿನ ತುದಿಗೆ ಹೋಗಿ ನಿಂತೆ. ಹೊರಗೆ ಬರುತ್ತಿದ್ದವರನ್ನು ಒಬ್ಬೊಬ್ಬರನ್ನೇ ತಡೆದು, ಇದು ಡಾಕ್ಟರ ಮಾತಲ್ಲ, ಚಳ್ಳಕೆರೆ ಆಸ್ಪತ್ರೆಗೆ ಹೋಗಿ ಮಚ್ಚೆಯನ್ನು ಮುಟ್ಟಿ ನೋಡಿಸಿಕೊಳ್ಳಿ ಎಂದು ಹೇಳಿದೆ. ಶಿಬಿರದವರು ಬಂದು ಗಲಾಟೆ ಮಾಡಬೇಡಿ ಎಂದರು. ಗಲಾಟೆ ಮಾಡುತ್ತಿಲ್ಲ, ಮಾತಾಡುತ್ತಿದ್ದೇನೆ ಎಂದೆ. ಅವರು ಬ್ಯಾನರ್ ಬಿಚ್ಚುವವರೆಗೂ ಅಲ್ಲೇ ನಿಂತಿದ್ದು ಕೊನೆಯ ಬಸ್ಸಿಗೆ ಚಳ್ಳಕೆರೆಗೆ ಬಂದೆ.